ಕ್ಲಾರ್ಕ್ ಇದ್ದೂ ಇಂಡಿಯಾನಾ ಫೀವರ್ ಮೊದಲಿಗೆ ಯಾಕೆ ಸೋತಿತು?

ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯುಎನ್‌ಬಿಎಯನ್ನು 2024ರಲ್ಲಿ ಮೊದಲ ಸಲ ನೋಡಲು ಶುರುಮಾಡಿದವರು ಬಹಳ ಮಂದಿ. ಕೇಟ್ಲಿನ್ ಕ್ಲಾರ್ಕ್ ಆಟ ನೋಡೋಣ ಅಂತ ಬಂದವರೇ ಅವರಲ್ಲಿ ಹೆಚ್ಚು. ಅವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: ಅಷ್ಟು ದೊಡ್ಡ ಆಟಗಾರ್ತಿ ಇದ್ದೂ ಇಂಡಿಯಾನಾ ಫೀವರ್ ಮೊದಲ ಒಂಬತ್ತು ಪಂದ್ಯಗಳಲ್ಲಿ ಎಂಟನ್ನು ಸೋತದ್ದು ಹೇಗೆ? ಅದೇ ತಂಡ ಆಮೇಲೆ ಪ್ಲೇಆಫ್‌ಗೆ ಹೋದದ್ದು ಹೇಗೆ?

ಉತ್ತರ ಹುಡುಕುವವರು ಅಂಕಪಟ್ಟಿಗಿಂತ ಮೊದಲು ವೇಳಾಪಟ್ಟಿಯನ್ನು ನೋಡಬೇಕು. ಆ ತಂಡಕ್ಕೆ ಮೇ ತಿಂಗಳಲ್ಲಿ ಅಭ್ಯಾಸ ಮಾಡಲು ದಿನಗಳೇ ಸಿಗಲಿಲ್ಲ.

ಏಪ್ರಿಲ್ 7ರಂದು ಕ್ಲಾರ್ಕ್ ಅಯೋವಾ ವಿಶ್ವವಿದ್ಯಾಲಯದ ಪರ ಕಾಲೇಜು ಫೈನಲ್ ಆಡಿದರು. 15ರಂದು ಫೀವರ್ ಅವರನ್ನು ಡ್ರಾಫ್ಟ್‌ನ, ಎಂದರೆ ತಂಡಗಳು ಹೊಸ ಆಟಗಾರ್ತಿಯರನ್ನು ಸರದಿಯಂತೆ ಆರಿಸಿಕೊಳ್ಳುವ ಸುತ್ತಿನ, ಮೊದಲ ಆಯ್ಕೆಯಾಗಿ ತೆಗೆದುಕೊಂಡಿತು. 28ಕ್ಕೆ ತರಬೇತಿ ಶಿಬಿರ ಶುರು, ಮೇ 14ಕ್ಕೆ ಕನೆಕ್ಟಿಕಟ್ ಸನ್ ವಿರುದ್ಧ ಮೊದಲ ಪಂದ್ಯ. ಕಾಲೇಜು ಫೈನಲ್‌ಗೂ ವೃತ್ತಿಪರ ಲೀಗ್‌ನ ಮೊದಲ ಪಂದ್ಯಕ್ಕೂ ನಡುವೆ ಐದು ವಾರ ಚಿಲ್ಲರೆ ದಿನ ಅಷ್ಟೇ. ಚೆಂಡು ತಂದು ಆಟ ಕಟ್ಟುವ ಪಾಯಿಂಟ್ ಗಾರ್ಡ್ ಹೊಸಬರಾದರೆ ತಂಡದ ಇಡೀ ದಾಳಿಯನ್ನೇ ಮತ್ತೆ ಕಟ್ಟಬೇಕು. ಅದಕ್ಕೆ ಸಿಕ್ಕಿದ್ದು ಹದಿನಾರು ದಿನ. ಮುಖ್ಯ ಸ್ಕೋರರ್ ಕೆಲ್ಸಿ ಮಿಚೆಲ್ ಕಣಕಾಲಿನ ಗಾಯದಿಂದ ಆಗಿನ್ನೂ ಚೇತರಿಸಿಕೊಳ್ಳುತ್ತಿದ್ದರು ಎಂಬುದನ್ನೂ ಸೇರಿಸಿಕೊಳ್ಳಿ.

ಇನ್ನು ಪಂದ್ಯಗಳನ್ನು ನೋಡಿ. ಮೇ 14ರಿಂದ ಜೂನ್ 2ರವರೆಗೆ 20 ದಿನಗಳಲ್ಲಿ 11 ಪಂದ್ಯ. ಮೇ 24ಕ್ಕೆ ಲಾಸ್ ಏಂಜಲಿಸ್, ಮಾರನೇ ದಿನವೇ ಲಾಸ್ ವೇಗಸ್. ಜೂನ್ 1ಕ್ಕೆ ಇಂಡಿಯಾನಾಪೊಲಿಸ್‌ನಲ್ಲಿ ಶಿಕಾಗೊ ವಿರುದ್ಧ 71-70ರ ಗೆಲುವು, ಮರುದಿನ ಬ್ರೂಕ್ಲಿನ್‌ನಲ್ಲಿ ನ್ಯೂಯಾರ್ಕ್ ಲಿಬರ್ಟಿ ಎದುರು 104-68ರ ಸೋಲು. ಎದುರಾಳಿಗಳೂ ಸಾಮಾನ್ಯದವರಲ್ಲ. ಆ 11ರಲ್ಲಿ ಎಂಟು ಪಂದ್ಯಗಳು ನ್ಯೂಯಾರ್ಕ್, ಕನೆಕ್ಟಿಕಟ್, ಲಾಸ್ ವೇಗಸ್, ಸಿಯಾಟಲ್ ವಿರುದ್ಧ. ಸೀಸನ್ ಮುಗಿದಾಗ ಈ ನಾಲ್ಕೂ ಲೀಗ್‌ನ ಮೊದಲ ಐದು ಸ್ಥಾನಗಳೊಳಗೆ ಇದ್ದವು. ಹಾಗಿದ್ದೂ ಸಿಯಾಟಲ್‌ಗೆ ಫೀವರ್ ಸೋತದ್ದು ಒಮ್ಮೆ ಎರಡೇ ಅಂಕಗಳಿಂದ, ಕನೆಕ್ಟಿಕಟ್‌ಗೆ ಒಮ್ಮೆ ನಾಲ್ಕೇ ಅಂಕಗಳಿಂದ.

ದಿನ ಬಿಟ್ಟು ದಿನ ಪಂದ್ಯ ಇದ್ದಾಗ ನಡುವಿನ ದಿನ ಪ್ರಯಾಣ, ಮೈಕೈ ನೋವಿನ ಆರೈಕೆ, ವಿಡಿಯೊ ನೋಡುವುದು ಇಷ್ಟರಲ್ಲೇ ಕಳೆಯುತ್ತದೆ. ಐದೈದು ಜನರ ಎರಡು ಗುಂಪು ಮಾಡಿ ಪೂರ್ತಿ ವೇಗದಲ್ಲಿ ಆಡಿಸಿ ಕಲಿಸಲು ಯಾವ ಕೋಚ್‌ಗೂ ಧೈರ್ಯ ಬರುವುದಿಲ್ಲ, ಯಾರಿಗಾದರೂ ಗಾಯವಾದರೆ ಮರುದಿನ ಆಡಿಸುವುದು ಯಾರನ್ನು? ಆಗ ತಂಡದಲ್ಲಿ ಇರಬಹುದಾಗಿದ್ದದ್ದೇ ಹೆಚ್ಚೆಂದರೆ 12 ಮಂದಿ. ಸಂಬಳಕ್ಕೆ ಇಡೀ ತಂಡಕ್ಕೆ ಆ ವರ್ಷದ ಮಿತಿ 14,63,200 ಡಾಲರ್, ಅದನ್ನು ಮೀರುವಂತೆಯೇ ಇರಲಿಲ್ಲ. ಹಾಗಾಗಿ ಸೀಸನ್ ನಡುವೆ ದೊಡ್ಡ ಆಟಗಾರ್ತಿಯನ್ನು ಕೊಂಡುತರುವ ದಾರಿಯೂ ಬಹುಮಟ್ಟಿಗೆ ಮುಚ್ಚಿತ್ತು. ಎಲ್ಲ ತಂಡಗಳಿಗೂ ಚಾರ್ಟರ್ ವಿಮಾನದ ವ್ಯವಸ್ಥೆ ಶುರುವಾದದ್ದು ಅದೇ ವರ್ಷ. ಇಲ್ಲದಿದ್ದರೆ ಈ 20 ದಿನಗಳು ಇನ್ನೂ ಕಷ್ಟವಾಗುತ್ತಿದ್ದವು.

ಅಭ್ಯಾಸ ಇಲ್ಲದ್ದು ಕೋರ್ಟ್‌ನಲ್ಲಿ ಎಲ್ಲಿ ಕಾಣಿಸಿತು ಅಂದರೆ ಟರ್ನೋವರ್‌ಗಳಲ್ಲಿ, ಎಂದರೆ ಬುಟ್ಟಿಗೆ ಎಸೆಯುವ ಮೊದಲೇ ಚೆಂಡು ಎದುರಾಳಿ ಪಾಲಾಗುವುದರಲ್ಲಿ. ಮೊದಲ ಪಂದ್ಯದಲ್ಲಿ ಕ್ಲಾರ್ಕ್ 20 ಅಂಕ ಗಳಿಸಿದರು, 10 ಟರ್ನೋವರ್ ಮಾಡಿದರು. ಕಾಲೇಜಿಗೂ ಇಲ್ಲಿಗೂ ಮೂರು ಅಂಕದ ಗೆರೆ ಒಂದೇ ದೂರದಲ್ಲಿದೆ, ಆದ್ದರಿಂದ ಶೂಟಿಂಗ್‌ಗೆ ಹೊಸ ಅಳತೆ ಕಲಿಯಬೇಕಾಗಿರಲಿಲ್ಲ. ಬದಲಾದದ್ದು ಸಮಯ. ಕಾಲೇಜಿನಲ್ಲಿ ಒಂದು ದಾಳಿಗೆ 30 ಸೆಕೆಂಡ್, ಇಲ್ಲಿ 24. ಅದರ ಮೇಲೆ ಚೆಂಡನ್ನು ಎಂಟು ಸೆಕೆಂಡಿನೊಳಗೆ ಅರ್ಧ ಕೋರ್ಟ್ ದಾಟಿಸಬೇಕು. ಎದುರಾಳಿಗಳು ಕ್ಲಾರ್ಕ್ ಅವರನ್ನು ಕೋರ್ಟ್‌ನ ಆ ತುದಿಯಿಂದಲೇ ಅಂಟಿಕೊಂಡು ಕಾಯುತ್ತಿದ್ದರು. ಗೆರೆ ದಾಟುವ ಹೊತ್ತಿಗೆ ಐದಾರು ಸೆಕೆಂಡ್ ಅಲ್ಲೇ ಖರ್ಚು.

ದಾಟಿದ ಮೇಲೆ ಏನಾಗುತ್ತಿತ್ತು ಎಂಬುದನ್ನು ಒಂದೇ ಒಂದು ದಾಳಿಯಲ್ಲಿ ನೋಡೋಣ. ಸೆಂಟರ್ ಅಲಿಯಾ ಬಾಸ್ಟನ್ ಮೇಲಕ್ಕೆ ಬಂದು ಕ್ಲಾರ್ಕ್‌ಗೆ ಸ್ಕ್ರೀನ್ ಕೊಡುತ್ತಾರೆ, ಎಂದರೆ ಕ್ಲಾರ್ಕ್ ಅವರನ್ನು ಕಾಯುವವರ ದಾರಿಗೆ ಅಡ್ಡ ನಿಲ್ಲುತ್ತಾರೆ. ಕ್ಲಾರ್ಕ್ 30 ಅಡಿ ದೂರದಿಂದಲೂ ಎಸೆಯಬಲ್ಲವರು, ಆದ್ದರಿಂದ ಬಾಸ್ಟನ್ ಅವರನ್ನು ಕಾಯುತ್ತಿದ್ದವರೂ ಮುಂದೆ ನುಗ್ಗುತ್ತಾರೆ. ಈಗ ಚೆಂಡಿನ ಮೇಲೆ ಇಬ್ಬರು. ಬಾಸ್ಟನ್ ಬುಟ್ಟಿಯತ್ತ ಓಡದೆ ಫ್ರೀ ಥ್ರೋ ಗೆರೆಯ ಹತ್ತಿರ ನಿಂತು ಪಾಸ್ ಹಿಡಿಯಬೇಕು. ಅಲ್ಲಿಂದ ಮುಂದಕ್ಕೆ ನಾಲ್ವರ ಎದುರು ಮೂವರೇ ರಕ್ಷಕರು. ಬಾಸ್ಟನ್ ತಾವೇ ಎಸೆಯಬಹುದು, ಬುಟ್ಟಿಯ ಕೆಳಗಿರುವ ನಲಿಸಾ ಸ್ಮಿತ್‌ಗೆ ಕೊಡಬಹುದು, ಇಲ್ಲವೇ ಮೂಲೆಯಲ್ಲಿ ಒಬ್ಬರೇ ನಿಂತಿರುವ ಶೂಟರ್‌ಗೆ ದಾಟಿಸಬಹುದು. ಎದುರಾಳಿ ಇಬ್ಬರನ್ನು ಕಳಿಸಿದ್ದು ಅವರಿಗೇ ದುಬಾರಿಯಾಗುವ ಜಾಗ ಇದು.

ಮೇನಲ್ಲಿ ಇದು ಕೂಡಿಬರಲಿಲ್ಲ. ಕ್ಲಾರ್ಕ್ ಪಾಸ್ ಮಾಡುವುದು ಸಹ ಆಟಗಾರ್ತಿ ತಿರುಗುವ ಮೊದಲೇ. ಹಿಡಿಯುವವರು ಸ್ಕ್ರೀನ್ ಬಿಟ್ಟ ಕೂಡಲೇ ಕೈ ಸಿದ್ಧ ಮಾಡಿಕೊಂಡಿರಬೇಕು. ಹಾಗಿಲ್ಲದಿದ್ದರೆ ಚೆಂಡು ಬೆರಳಿಗೆ ತಾಗಿ ಹೊರಗೆ ಹೋಗುತ್ತದೆ, ಎಷ್ಟೋ ಸಲ ಲೆಕ್ಕದಲ್ಲಿ ಅದು ಪಾಸ್ ಮಾಡಿದವರ ಟರ್ನೋವರ್ ಆಗುತ್ತದೆ. ಕ್ಲಾರ್ಕ್ ಆ ವರ್ಷ 223 ಟರ್ನೋವರ್ ಮಾಡಿದರು, ಲೀಗ್‌ನ ಒಂದು ಸೀಸನ್ನಿನ ದಾಖಲೆ ಅದು. ಅಸಿಸ್ಟ್‌ಗಳು, ಎಂದರೆ ಸಹ ಆಟಗಾರ್ತಿ ಅಂಕ ಗಳಿಸುವಂತೆ ಕೊಟ್ಟ ಪಾಸ್‌ಗಳು, 337, ಅದೂ ಆಗ ದಾಖಲೆಯೇ. ಎರಡನ್ನೂ ಒಟ್ಟಿಗೆ ಓದಬೇಕು. ಇಂಥ ಪಾಸ್‌ಗಳನ್ನು ನಿಲ್ಲಿಸಿಬಿಟ್ಟಿದ್ದರೆ ಟರ್ನೋವರ್ ಕಡಿಮೆ ಆಗುತ್ತಿತ್ತು, ಗೆಲುವೂ ಕಡಿಮೆ ಆಗುತ್ತಿತ್ತು.

ಜೂನ್‌ನಿಂದ ಸ್ವಲ್ಪ ಸ್ವಲ್ಪವಾಗಿ ಸರಿಹೋಯಿತು. ಚೆಂಡನ್ನು ಅರ್ಧ ಕೋರ್ಟ್ ದಾಟಿಸುವ ಕೆಲಸ ಆಗಾಗ ಮಿಚೆಲ್‌ಗೆ ಹೋಯಿತು. ಆಗ ಕ್ಲಾರ್ಕ್ ಚೆಂಡಿಲ್ಲದೆ ಓಡಿ, ಸ್ಕ್ರೀನ್‌ಗಳ ಹಿಂದೆ ಸುತ್ತಿ ಬರುತ್ತಿದ್ದರು. ಜುಲೈ 6ಕ್ಕೆ ಮೇನಲ್ಲಿ ಸೋಲಿಸಿದ್ದ ಅದೇ ನ್ಯೂಯಾರ್ಕ್ ವಿರುದ್ಧ 83-78ರ ಗೆಲುವು ಬಂತು. ಕ್ಲಾರ್ಕ್ ಅದರಲ್ಲಿ 19 ಅಂಕ, 12 ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು ಹಿಡಿಯುವುದು), 13 ಅಸಿಸ್ಟ್ ಗಳಿಸಿ ಟ್ರಿಪಲ್ ಡಬಲ್ (ಮೂರರಲ್ಲೂ ಎರಡಂಕಿ) ಮಾಡಿದ ಲೀಗ್‌ನ ಮೊದಲ ಹೊಸ ಆಟಗಾರ್ತಿಯಾದರು. 17ರಂದು ಡಲ್ಲಾಸ್ ವಿರುದ್ಧ 19 ಅಸಿಸ್ಟ್, ಒಂದು ಪಂದ್ಯದ ದಾಖಲೆ.

ಆಮೇಲೆ ಪ್ಯಾರಿಸ್ ಒಲಿಂಪಿಕ್ಸ್‌ನ ಬಿಡುವು. ಫೀವರ್ ಜುಲೈ 17ರ ನಂತರ ಮತ್ತೆ ಲೀಗ್ ಪಂದ್ಯ ಆಡಿದ್ದು ಆಗಸ್ಟ್ 16ಕ್ಕೆ. ಕ್ಲಾರ್ಕ್, ಬಾಸ್ಟನ್, ಮಿಚೆಲ್ ಮೂವರೂ ಅಮೆರಿಕದ ಒಲಿಂಪಿಕ್ ತಂಡದಲ್ಲಿ ಇರಲಿಲ್ಲ. ಕ್ಲಾರ್ಕ್ ಅವರನ್ನು ಬಿಟ್ಟದ್ದು ಆಗ ದೊಡ್ಡ ಗಲಾಟೆಯಾಯಿತು, ಆದರೆ ಫೀವರ್ ಪಾಲಿಗೆ ಅದು ಇಡೀ ವರ್ಷದ ಅತ್ಯುತ್ತಮ ಸಂಗತಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಿಶ್ರಾಂತಿಯೂ ಸಿಕ್ಕಿತು, ಏಪ್ರಿಲ್‌ನಲ್ಲಿ ಸಿಗದಿದ್ದ ಅಭ್ಯಾಸದ ದಿನಗಳೂ ಸಿಕ್ಕವು.

ಬಿಡುವಿಗೆ ಮೊದಲು 11 ಗೆಲುವು, 15 ಸೋಲು. ಬಿಡುವಿನ ನಂತರ 9 ಗೆಲುವು, 5 ಸೋಲು. ಗೆಲುವು-ಸೋಲಿಗಿಂತ ಹೆಚ್ಚು ಹೇಳುವುದು ಅಂಕಗಳ ಸರಾಸರಿ. ಮೊದಲ ಒಂಬತ್ತು ಪಂದ್ಯಗಳಲ್ಲಿ ಫೀವರ್ ಗಳಿಸಿದ್ದು ಪಂದ್ಯಕ್ಕೆ ಸುಮಾರು 79, ಬಿಟ್ಟುಕೊಟ್ಟದ್ದು ಸುಮಾರು 91. ಕೊನೆಯ 14ರಲ್ಲಿ ಗಳಿಸಿದ್ದು ಸುಮಾರು 91, ಬಿಟ್ಟುಕೊಟ್ಟದ್ದು 88. ದಾಳಿ 12 ಅಂಕ ಮೇಲಕ್ಕೆ ಹೋಯಿತು, ರಕ್ಷಣೆ ಇದ್ದಲ್ಲೇ ಉಳಿಯಿತು ಅನ್ನಬಹುದು. ಮೂಲೆಯಲ್ಲಿ ನಿಂತ ಲೆಕ್ಸಿ ಹಲ್‌ಗೆ ಬಾಸ್ಟನ್‌ರಿಂದ ಆ ಎರಡನೇ ಪಾಸ್ ಈಗ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಮಿಚೆಲ್ ಕೂಡ ಸೀಸನ್ ಮುಗಿಸಿದ್ದು ಕ್ಲಾರ್ಕ್‌ರಷ್ಟೇ ಸರಾಸರಿಯಲ್ಲಿ, ಪಂದ್ಯಕ್ಕೆ 19.2 ಅಂಕ. ಮಿಚೆಲ್ ಹೆಸರು ಹೇಳದೆ ಈ ತಂಡದ ಬಗ್ಗೆ ಮಾತಾಡುವವರು ಅರ್ಧ ಆಟವನ್ನೇ ಬಿಟ್ಟಂತೆ.

ಒಟ್ಟು 20 ಗೆಲುವು, 20 ಸೋಲು, ಆರನೇ ಸ್ಥಾನ. 2016ರ ನಂತರ ಫೀವರ್‌ಗೆ ಅದೇ ಮೊದಲ ಪ್ಲೇಆಫ್. ಆದರೆ ಆ ವರ್ಷದ ನಿಯಮದಂತೆ ಮೊದಲ ಸುತ್ತಿನ ಮೂರು ಪಂದ್ಯಗಳಲ್ಲಿ ಮೊದಲೆರಡು ಮೇಲಿನ ಸ್ಥಾನದ ತಂಡದ ಊರಲ್ಲೇ. ಎದುರಿಗೆ ಮತ್ತೆ ಕನೆಕ್ಟಿಕಟ್. 93-69, 87-81, ಎರಡೇ ಪಂದ್ಯಕ್ಕೆ ಮುಗಿಯಿತು, ಮೂರನೆಯದು ಇಂಡಿಯಾನಾಪೊಲಿಸ್‌ಗೆ ಬರಲೇ ಇಲ್ಲ. ಬಿಡುವಿನಲ್ಲಿ ಸರಿಹೋಗದೆ ಉಳಿದಿದ್ದ ರಕ್ಷಣೆಗೆ ಅಲ್ಲಿ ಬೆಲೆ ಕೊಡಬೇಕಾಯಿತು. ಅಕ್ಟೋಬರ್‌ನಲ್ಲಿ ಕೋಚ್ ಕ್ರಿಸ್ಟಿ ಸೈಡ್ಸ್ ಅವರನ್ನು ತಂಡ ಕೈಬಿಟ್ಟಿತು. ಮೇ ತಿಂಗಳ ಸೋಲುಗಳನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ, ಸೆಪ್ಟೆಂಬರ್‌ನ ರಕ್ಷಣೆಗೆ ಮಾತ್ರ ಅವರೂ ಉತ್ತರ ಹೇಳಬೇಕಿತ್ತು.

ಹಳೆಯ ಪಂದ್ಯಗಳನ್ನು ಹುಡುಕಿ ನೋಡುವವರಿಗೆ: ಮೇ 20 ಮತ್ತು ಆಗಸ್ಟ್ 28ರ ಕನೆಕ್ಟಿಕಟ್ ಪಂದ್ಯಗಳನ್ನು ಒಂದರ ಹಿಂದೆ ಒಂದು ನೋಡಿ. ಎರಡೂ ಇಂಡಿಯಾನಾಪೊಲಿಸ್‌ನಲ್ಲೇ ನಡೆದವು. ಮೊದಲನೆಯದು 88-84ರ ಸೋಲು, ಎರಡನೆಯದು 84-80ರ ಗೆಲುವು. ಚೆಂಡಿನ ಹಿಂದೆ ಕಣ್ಣು ಓಡಿಸದೆ, ಕ್ಲಾರ್ಕ್ ಮೇಲೆ ಇಬ್ಬರು ಬಂದ ಕ್ಷಣ ಬಾಸ್ಟನ್ ಎಲ್ಲಿದ್ದಾರೆ, ಅವರ ಕೈ ಎಲ್ಲಿದೆ ನೋಡಿ. ಹೊಸ ಸೀಸನ್ನನ್ನು ನೇರಪ್ರಸಾರದಲ್ಲೇ ನೋಡುವುದಾದರೆ, ಅಲ್ಲಿಯ ಸಂಜೆ 7ರ ಪಂದ್ಯ ನಮಗೆ ಮರುದಿನ ಬೆಳಗಿನ ಜಾವ 4.30ಕ್ಕೆ.