ಕಾಲು ಗುಂಟೆಯ ತೂಕ: ಬೆಳೆ ವಿಮೆ ಪರಿಹಾರ ಎಲ್ಲಿ ತೀರ್ಮಾನ ಆಗುತ್ತದೆ

ಬೆಳೆ ವಿಮೆಯ ಗಲಾಟೆ ನಮ್ಮ ಕಡೆ ಶುರುವಾಗುವುದು ದುಡ್ಡು ಜಮಾ ಆಗದೇ ಹೋದಾಗ. ಅಷ್ಟೊತ್ತಿಗೆ ಮುಂಗಾರಿ ರಾಶಿ ಮುಗಿದು, ಹಿಂಗಾರಿ ಕಡಲೆಯೂ ಹೂ ಬಿಟ್ಟಿರುತ್ತದೆ. ಪರಿಹಾರ ಎಷ್ಟು ಅನ್ನುವುದು ಮಾತ್ರ ಅದಕ್ಕೂ ಮೊದಲೇ, ಕೊಯ್ಲಿನ ಹೊತ್ತಿನಲ್ಲೇ ಬರೆದು ಆಗಿರುತ್ತದೆ. ಪಂಚಾಯಿತಿಯೊಳಗಿನ ನಾಲ್ಕು ಹೊಲ, ಅವುಗಳಲ್ಲಿ ಹಗ್ಗ ಹಿಡಿದು ಅಳೆದ ನಾಲ್ಕು ಚೌಕ. ಒಂದೊಂದು ಚೌಕ 5 ಮೀಟರ್ ಉದ್ದ, 5 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೆಚ್ಚೂಕಡಿಮೆ ಕಾಲು ಗುಂಟೆ. ಇದಕ್ಕೆ ಬೆಳೆ ಕಟಾವು ಪ್ರಯೋಗ ಅನ್ನುತ್ತಾರೆ. ಅವತ್ತು ಬದುವಿನ ಮೇಲೆ ಹೆಚ್ಚಾಗಿ ಊರಿನವರು ಒಬ್ಬರೂ ಇರುವುದಿಲ್ಲ. ಆಮೇಲೆ ಡಿಸಿ ಆಫೀಸಿನ ಮುಂದೆ ಇಡೀ ಊರು ಇರುತ್ತದೆ.

ಯೋಜನೆಯ ಪೂರ್ತಿ ಹೆಸರು ಕರ್ನಾಟಕ ರೈತ ಸುರಕ್ಷಾ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ. 2016ರ ಮುಂಗಾರಿನಿಂದ ನಡೆದಿದೆ. ರೈತ ಕಟ್ಟುವ ಕಂತು ಮುಂಗಾರಿ ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ಹತ್ತಿಯಂಥ ವಾಣಿಜ್ಯ ಬೆಳೆಗೆ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಉಳಿದ ಕಂತನ್ನು ಕೇಂದ್ರ, ರಾಜ್ಯ ತುಂಬುತ್ತವೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿರದ ಭಾಗ ಆ ಕಾಲು ಗುಂಟೆಯದು.

ಒಂದು ಹೆಕ್ಟೇರ್ ಅಂದರೆ 10,000 ಚದರ ಮೀಟರ್, ಚೌಕ 25 ಚದರ ಮೀಟರ್. ಅಂದರೆ ಚೌಕದಲ್ಲಿ ಸಿಕ್ಕ ಕಾಳಿನ ತೂಕವನ್ನು 400ರಿಂದ ಗುಣಿಸುತ್ತಾರೆ. ತಕ್ಕಡಿಯಲ್ಲಿ 100 ಗ್ರಾಂ ಹೆಚ್ಚುಕಡಿಮೆ ಆದರೆ ಹೆಕ್ಟೇರಿಗೆ 40 ಕಿಲೊ ಹೆಚ್ಚುಕಡಿಮೆ ಆದಂತೆ. ಒಂದು ಕಿಲೊ ಆದರೆ 4 ಕ್ವಿಂಟಲ್.

ಮಳೆಯಾಶ್ರಿತ ಗೋವಿನಜೋಳವನ್ನೇ (ಮೆಕ್ಕೆಜೋಳ) ತೆಗೆದುಕೊಳ್ಳಿ. ಅಂಕಿಗಳನ್ನು ಲೆಕ್ಕ ತೋರಿಸಲು ಹಿಡಿದದ್ದು, ಅಷ್ಟೇ. ಹಿಂದಿನ 7 ವರ್ಷಗಳ ಇಳುವರಿ ಹೆಕ್ಟೇರಿಗೆ 2400, 1100, 2000, 900, 1800, 2100, 1700 ಕಿಲೊ ಅಂತ ಇಟ್ಟುಕೊಳ್ಳಿ. ಕೆಟ್ಟ ಎರಡು ವರ್ಷ ಬಿಟ್ಟು ಒಳ್ಳೆಯ ಐದರ ಸರಾಸರಿ ತೆಗೆದರೆ 2000. ಅದಕ್ಕೆ ಆ ಬೆಳೆಗೆ ಗೊತ್ತುಮಾಡಿದ ಖಾತರಿ ಮಟ್ಟ ಹಚ್ಚುತ್ತಾರೆ. ಅದು ಶೇ 70, 80 ಇಲ್ಲವೇ 90 ಇರುತ್ತದೆ. 80 ಹಿಡಿದರೆ ಖಾತರಿ ಇಳುವರಿ 1600 ಕಿಲೊ. ಈ ವರ್ಷ ನಾಲ್ಕು ಚೌಕಗಳಲ್ಲಿ 3.2, 2.9, 3.6, 2.3 ಕಿಲೊ ಕಾಳು ಬಂತು. ಒಟ್ಟು 12, ಸರಾಸರಿ 3, ಹೆಕ್ಟೇರಿಗೆ 1200 ಕಿಲೊ. ಖಾತರಿಗಿಂತ 400 ಕಡಿಮೆ, ಅಂದರೆ ಶೇ 25. ವಿಮಾ ಮೊತ್ತ ಹೆಕ್ಟೇರಿಗೆ 50,000 ಇದ್ದರೆ ಪರಿಹಾರ 12,500 ರೂಪಾಯಿ, ಎಕರೆಗೆ ಐದು ಸಾವಿರದ ಆಸುಪಾಸು.

ಈಗ ನಾಲ್ಕನೇ ಚೌಕದ 2.3ರ ಜಾಗದಲ್ಲಿ 4.3 ಅಂತ ಬಿತ್ತು ಅನ್ನಿ. ಬೋರ್‌ವೆಲ್ ನೀರು ಹಾಯಿಸಿದ ಹೊಲಕ್ಕೆ ಹೋಗಿ ಅಳೆದರು, ಇಲ್ಲವೇ ಹಸಿ ಕಾಳನ್ನು ಹಾಗೇ ತೂಗಿದರು. ಒಟ್ಟು 14, ಸರಾಸರಿ 3.5, ಹೆಕ್ಟೇರಿಗೆ 1400. ಕೊರತೆ ಶೇ 12.5ಕ್ಕೆ ಇಳಿಯಿತು, ಪರಿಹಾರ 6,250. ಒಂದು ಹೊಲದ ಎರಡು ಕಿಲೊ ಇಡೀ ಪಂಚಾಯಿತಿಯ ಪರಿಹಾರವನ್ನು ಅರ್ಧಕ್ಕೆ ಇಳಿಸಿತು. ಪಂಚಾಯಿತಿಯಲ್ಲಿ 1000 ಹೆಕ್ಟೇರ್ ವಿಮೆ ಆಗಿದ್ದರೆ ಹೋದದ್ದು 62.5 ಲಕ್ಷ ರೂಪಾಯಿ. ಇದಕ್ಕೆ ಯಾರೂ ಮೋಸ ಮಾಡಬೇಕಾಗಿಲ್ಲ, ಅವಸರ ಮಾಡಿದರೆ ಸಾಕು.

ಹಾಗಾದರೆ ಬದುವಿನ ಮೇಲೆ ನಿಂತವರು ನೋಡಬೇಕಾದದ್ದು ಏನು? ಮೊದಲು ಸರ್ವೆ ನಂಬರ್. ಯಾವ ಹೊಲ ಅನ್ನುವುದು ಚೀಟಿ ಎತ್ತಿದಂತೆ ಮೊದಲೇ ಆಯ್ಕೆ ಆಗಿರುತ್ತದೆ, ಅಳೆಯಲು ಬಂದವರ ಇಷ್ಟಕ್ಕೆ ಬಿಟ್ಟದ್ದಲ್ಲ. ಆಯ್ಕೆಯಾದ ಹೊಲದವರು ಮಳೆ ಹೆದರಿಕೆಗೆ ಮೊದಲೇ ಕೊಯ್ದುಬಿಟ್ಟರೆ ಬದಲಿ ಹೊಲ ಹಿಡಿಯುತ್ತಾರೆ. ಹೆಸರು ಬೆಳೆಯಲ್ಲಿ ಇದು ಜಾಸ್ತಿ. ಕಾಯಿ ಒಣಗಿದ ಮೇಲೆ ನಮ್ಮ ಎರಿ (ಕಪ್ಪು ಮಣ್ಣಿನ) ಭೂಮಿಯವರು ಒಂದು ದಿನವೂ ಕಾಯುವುದಿಲ್ಲ, ಕಾಯಲೂ ಬಾರದು. ಆದರೆ ಬದಲಿ ಹೊಲ ಅಂದಾಗ ಕಾಲು ತಾನಾಗಿ ರಸ್ತೆ ಬದಿಯ, ಕಣ್ಣಿಗೆ ಚೆಂದ ಕಾಣುವ ಹೊಲದ ಕಡೆ ಹೋಗುತ್ತದೆ. ನಿಮ್ಮ ಹೊಲ ಆಯ್ಕೆಯಾಗಿದ್ದರೆ ಕೊಯ್ಲಿನ ದಿನವನ್ನು ಗ್ರಾಮ ಆಡಳಿತಾಧಿಕಾರಿಗೋ ಕೃಷಿ ಸಿಬ್ಬಂದಿಗೋ ನಾಲ್ಕು ದಿನ ಮುಂಚೆ ತಿಳಿಸಿ. ಇಡೀ ಊರಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ ಇದು.

ಎರಡನೆಯದು ಬೆಳೆಯ ವರ್ಗ. ಅಧಿಸೂಚನೆಯಲ್ಲಿ ಗೋವಿನಜೋಳ ನೀರಾವರಿ ಬೇರೆ, ಮಳೆಯಾಶ್ರಿತ ಬೇರೆ. ಮಳೆಯಾಶ್ರಿತದ ನಮೂನೆಯಲ್ಲಿ ತುಂತುರು ಪೈಪು ಹಾಸಿದ ಹೊಲದ ತೂಕ ಬರೆದರೆ ಮುಗಿಯಿತು. ಮೂರನೆಯದು ಚೌಕದ ಜಾಗ. ಹೊಲದ ನೈಋತ್ಯ ಮೂಲೆಯಿಂದ ಹೆಜ್ಜೆ ಎಣಿಸಿ, ಕೊಟ್ಟ ಸಂಖ್ಯೆಯಷ್ಟು ಒಳಗೆ ಹೋಗಿ ಗೂಟ ಹೊಡೆಯಬೇಕು. ಬೆಳೆ ಚೆನ್ನಾಗಿದೆ ಅಂತಲೂ ಅಲ್ಲ, ಹಾಳಾಗಿದೆ ಅಂತಲೂ ಅಲ್ಲ. ಊರಿನವರೇ 'ಈ ಕಡೆ ಬನ್ನಿ ಸಾಹೇಬರ, ಇಲ್ಲಿ ಪೂರಾ ಹೋಗೇತಿ' ಅಂತ ಎಳೆಯುವುದೂ ಉಂಟು. ಅದು ಮಾಡಬೇಡಿ: ವಿಮಾ ಕಂಪನಿಯ ಪ್ರತಿನಿಧಿಗೂ ಅಲ್ಲಿ ನಿಂತು ನೋಡುವ ಹಕ್ಕಿದೆ, ಫೋಟೊ ಮತ್ತು ಜಾಗದ ಗುರುತು ಆ್ಯಪಿನಲ್ಲಿ ಕೂತಿರುತ್ತವೆ, ಒಂದು ತಕರಾರು ಎದ್ದರೆ ಇಡೀ ವಿಮಾ ಘಟಕದ (ಪಂಚಾಯಿತಿ ಇಲ್ಲವೇ ಹೋಬಳಿಯ) ಪರಿಹಾರ ನಿಲ್ಲುತ್ತದೆ. ಇನ್ನು ನಾಲ್ಕು ಬದಿಯನ್ನು ಅಳೆದರೆ ಸಾಲದು, ಕರ್ಣವನ್ನೂ ಅಳೆಯಿರಿ. 5 ಮೀಟರಿನ ಚೌಕಕ್ಕೆ ಅದು 7.07 ಮೀಟರ್ ಬರಬೇಕು. ಬರದಿದ್ದರೆ ಅದು ಚೌಕವಲ್ಲ, ವಾಲಿದೆ.

ಕೊನೆಗೆ ತೂಕ. ತೆನೆ ತೂಕವೋ ಕಾಳಿನ ತೂಕವೋ, ಹಸಿಯೋ ಒಣಗಿದ್ದೋ, ನಮೂನೆಯಲ್ಲಿ ಯಾವ ಕಾಲಮ್ಮಿಗೆ ಹೋಯಿತು ಅನ್ನುವುದನ್ನು ಓದಿಯೇ ಸಹಿ ಮಾಡಿ. ಖಾಲಿ ನಮೂನೆಗೆ ಸಹಿ ಹಾಕಿಸಿಕೊಂಡು ಹೋಗುವವರಿಗೆ ಚಹಾ ಕುಡಿಸಿ, ಸಹಿ ಕೊಡಬೇಡಿ.

ಪಂಚಾಯಿತಿ ಮಟ್ಟಕ್ಕೆ ಅಧಿಸೂಚಿತವಾದ ಮುಖ್ಯ ಬೆಳೆಗೆ ನಾಲ್ಕು ಪ್ರಯೋಗ, ಹೋಬಳಿ ಮಟ್ಟದ ಬೆಳೆಗೆ ಹತ್ತು. ಹೋಬಳಿ ಮಟ್ಟದಲ್ಲಿ ಇದ್ದರೆ ನಿಮ್ಮ ಊರಿನ ನಷ್ಟ ಪಕ್ಕದ ಊರಿನ ಬೆಳೆಯಲ್ಲಿ ಮುಚ್ಚಿಹೋಗುತ್ತದೆ. ಯಾವ ಬೆಳೆ ಯಾವ ಮಟ್ಟಕ್ಕೆ ಅನ್ನುವುದು ಹಂಗಾಮು ಶುರುವಾಗುವ ಮೊದಲೇ ರಾಜ್ಯ ಮಟ್ಟದ ಸಮನ್ವಯ ಸಮಿತಿಯಲ್ಲಿ ಗೊತ್ತಾಗುತ್ತದೆ, ಜಿಲ್ಲೆಯಿಂದ ಹೋದ ಮಾಹಿತಿಯ ಮೇಲೆ.

ಇಲ್ಲಿಗೆ ಸಮಿತಿಗಳ ಮಾತು ಬಂತು. ಜಿಲ್ಲೆಯಲ್ಲಿ ಬೆಳೆ ವಿಮೆಯ ಉಸ್ತುವಾರಿಗೆ ಒಂದು ಸಮಿತಿ, ಕುಂದುಕೊರತೆಗೆ ಒಂದು ಸಮಿತಿ. ಎರಡಕ್ಕೂ ಜಿಲ್ಲಾಧಿಕಾರಿ ಅಧ್ಯಕ್ಷರು. ಕೃಷಿ ಇಲಾಖೆ, ಲೀಡ್ ಬ್ಯಾಂಕ್, ನಬಾರ್ಡ್, ವಿಮಾ ಕಂಪನಿ, ಇವರ ಜೊತೆಗೆ ರೈತ ಪ್ರತಿನಿಧಿಗಳು. ಇದಲ್ಲದೆ ಎಕರೆಗೆ ಯಾವ ಬೆಳೆಗೆ ಎಷ್ಟು ಸಾಲ ಅಂತ ಗೊತ್ತುಮಾಡುವ ಜಿಲ್ಲಾ ತಾಂತ್ರಿಕ ಸಮಿತಿ ಬೇರೆ. ವಿಮಾ ಮೊತ್ತ ಬಹುತೇಕ ಅದರ ಅಂಕಿಯನ್ನೇ ಹಿಡಿದು ಬರುತ್ತದೆ. ರೈತ ಪ್ರತಿನಿಧಿಗೆ ಚುನಾವಣೆ ಇಲ್ಲ, ನಾಮನಿರ್ದೇಶನ. ಹೀಗಾಗಿ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂರುವವರ ಹೆಸರೇ ಬೇಗ ಹೊಳೆಯುತ್ತದೆ. ನನ್ನ ಕೇಳಿದರೆ ಆ ಕುರ್ಚಿಗೆ ಬೇಕಾದವರು ಕೋಷ್ಟಕ ಓದಬಲ್ಲವರು. ಭಾಷಣ ಬರದಿದ್ದರೂ ನಡೆಯುತ್ತದೆ. ರೈತ ಸಂಘಗಳು ಹೆಸರು ಸೂಚಿಸಿ ಜಿಲ್ಲಾಧಿಕಾರಿಗೆ ಬರೆದುಕೊಡಬಹುದು, ಬರೆಯುವಾಗ ತಾಲ್ಲೂಕುವಾರು, ಬೆಳೆವಾರು ಸೂಚಿಸುವುದು ಒಳ್ಳೆಯದು. ನವಲಗುಂದದ ಎರಿ ಹೊಲದ ಕಡಲೆಯವರಿಗೆ ಹಾನಗಲ್ಲಿನ ಭತ್ತದ ಕಷ್ಟ ತಿಳಿಯುವುದಿಲ್ಲ, ಜಿಲ್ಲೆಯೂ ಬೇರೆ. ಒಂದೇ ಜಿಲ್ಲೆಯೊಳಗೂ ಶಿರಹಟ್ಟಿಯ ಮಸಾರಿ (ಕೆಂಪು ಮಣ್ಣಿನ) ಶೇಂಗಾ ಬೇರೆ, ರೋಣದ ಎರಿ ಹೊಲದ ಹೆಸರುಕಾಳು ಬೇರೆ.

ಆ ಕುರ್ಚಿಯಲ್ಲಿ ಕೂತವರು ಸಭೆಯಲ್ಲಿ ಕೇಳಬೇಕಾದದ್ದು ಮೂರೇ ಮೂರು ಕಾಗದ: ಕೊಯ್ಲಿಗೆ ಮೊದಲು, ಆಯ್ಕೆಯಾದ ಸರ್ವೆ ನಂಬರುಗಳ ಪಟ್ಟಿ, ಕೊಯ್ಲಿನ ನಂತರ, ಪಂಚಾಯಿತಿವಾರು ನಾಲ್ಕೂ ಚೌಕಗಳ ತೂಕ, ಬರೀ ಸರಾಸರಿ ಅಲ್ಲ, ಮತ್ತು ತಿರಸ್ಕೃತ ಅರ್ಜಿಗಳ ಪಟ್ಟಿ, ಕಾರಣದ ಸಮೇತ. ಇದಕ್ಕೆ ಈಗ ಇನ್ನೊಂದು ಕೆಲಸ ಸೇರಿದೆ. ಕಾಡುಪ್ರಾಣಿ ಹಾವಳಿಯನ್ನು 2026ರ ಮುಂಗಾರಿನಿಂದ ವಿಮೆಗೆ ಸೇರಿಸುವುದಾಗಿ ಕೇಂದ್ರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಯಾವ ಜಿಲ್ಲೆ, ಯಾವ ಪ್ರಾಣಿ ಅನ್ನುವುದನ್ನು ರಾಜ್ಯ ಸೂಚಿಸಬೇಕು. ಗದಗ, ಹಾವೇರಿ ಕಡೆ ಚಿಗರಿ (ಜಿಂಕೆ) ಹಿಂಡು ಮೊಳಕೆಯಲ್ಲೇ ಹೊಲ ಮೇಯುವುದು ಹೊಸದೇನಲ್ಲ. ಪಟ್ಟಿಯಲ್ಲಿ ಚಿಗರಿ, ಹಂದಿ ಎರಡೂ ಬರಬೇಕಾದರೆ ಜಿಲ್ಲೆಯಿಂದ ಹಾನಿಯ ಅಂಕಿ ಮೇಲಕ್ಕೆ ಹೋಗಬೇಕು, ಮನವಿ ಪತ್ರದ ಫೋಟೊ ಅಲ್ಲ.

ತಿರಸ್ಕಾರದ ದೊಡ್ಡ ಕಾರಣ ಬೆಳೆ ಹೊಂದಾಣಿಕೆ ಆಗದಿರುವುದು. ವಿಮೆ ಕಟ್ಟಿದ ಬೆಳೆ ಒಂದು, ಬೆಳೆ ಸಮೀಕ್ಷೆಯಲ್ಲಿ ಬಿದ್ದ ಬೆಳೆ ಇನ್ನೊಂದು. ಜೂನಿನಲ್ಲಿ ಹೆಸರು ಬಿತ್ತಿ ಆಗಸ್ಟಿನಲ್ಲಿ ಬಿಡಿಸಿ, ಅದೇ ಹೊಲ ಹರಗಿ ಹಿಂಗಾರಿ ಜೋಳಕ್ಕೋ ಕಡಲೆಗೋ ಸಜ್ಜು ಮಾಡುವುದು ನಮ್ಮ ಪದ್ಧತಿ. ಸಮೀಕ್ಷೆಯವರು ತಡವಾಗಿ ಬಂದರೆ ಹೊಲ ಖಾಲಿ, ಆ್ಯಪಿನಲ್ಲೂ ಬೀಳು. ಆದ್ದರಿಂದ ರೈತರ ಬೆಳೆ ಸಮೀಕ್ಷೆ ಆ್ಯಪಿನಲ್ಲಿ ನೀವೇ, ಹೂ-ಕಾಯಿ ಇರುವಾಗಲೇ, ಹೊಲದ ಒಳಗೆ ನಿಂತು ಫೋಟೊ ಏರಿಸಿ. ಅಕ್ಕಡಿ ಸಾಲಿನ ತೊಗರಿ ಇದ್ದರೆ ಮಿಶ್ರ ಬೆಳೆ ಅಂತಲೇ ನಮೂದಿಸಿ. ಆಮೇಲೆ ಬೆಳೆ ದರ್ಶಕ ಆ್ಯಪಿನಲ್ಲಿ ಏನು ಬಿದ್ದಿದೆ ಅಂತ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಹಾಕಿ. ಆಕ್ಷೇಪಣೆಗೆ ಗಡುವು ಇರುತ್ತದೆ, ಪರಿಹಾರ ಬರದಿದ್ದ ಮೇಲೆ ನೋಡಿದರೆ ಅದು ಮುಗಿದಿರುತ್ತದೆ. ಬೆಳೆಸಾಲ ಇದ್ದವರಿಗೆ ಬ್ಯಾಂಕಿನವರು ಹಳೆಯ ಬೆಳೆಯ ಹೆಸರಿನಲ್ಲೇ ಕಂತು ಮುರಿದುಕೊಳ್ಳುವುದೂ ಇದೆ. ಬೇರೆ ಬೆಳೆ ಬಿತ್ತಿದ್ದರೆ ಕೊನೆಯ ದಿನಾಂಕಕ್ಕೆ 2 ದಿನ ಮೊದಲೇ ಬರೆದುಕೊಡಿ. ವಿಮೆಯೇ ಬೇಡ ಅನ್ನುವವರು 7 ದಿನ ಮೊದಲು. 2020ರ ಮುಂಗಾರಿನಿಂದ ಸಾಲಗಾರರಿಗೂ ಇದು ಕಡ್ಡಾಯವಲ್ಲ, ಆದರೆ ಬೇಡ ಅಂತ ಬರೆದುಕೊಡದಿದ್ದರೆ ಬೇಕು ಅಂತಲೇ ಅರ್ಥ.

ಚೌಕದ ಲೆಕ್ಕಕ್ಕೆ ಸೇರದ ನಷ್ಟವೂ ಇದೆ. ಆಲಿಕಲ್ಲು, ಮೇಘಸ್ಫೋಟ, ಬೆಳೆ ಮುಳುಗಡೆ, ಸಿಡಿಲಿನಿಂದ ಹತ್ತಿದ ಬೆಂಕಿ ನಿಮ್ಮ ಒಂದೇ ಹೊಲಕ್ಕೆ ಬಂದರೂ ಅರ್ಹ. ಕೊಯ್ದು ಹೊಲದಲ್ಲೇ ಒಣಗಲು ಹಾಕಿದ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕರೆ ಅದೂ ಅರ್ಹ. ಬಣವೆ ಒಟ್ಟಿದ ಮೇಲೆ ಅಲ್ಲ. ಷರತ್ತು, ನಷ್ಟವಾದ 72 ಗಂಟೆಯೊಳಗೆ ತಿಳಿಸಬೇಕು. ಬೆಳೆ ವಿಮೆ ಆ್ಯಪು, ಸಹಾಯವಾಣಿ 14447, ಬ್ಯಾಂಕು, ರೈತ ಸಂಪರ್ಕ ಕೇಂದ್ರ, ಯಾವುದಾದರೂ ಆದೀತು, ಆದರೆ ದೂರಿನ ಸಂಖ್ಯೆ ಪಡೆಯದೆ ಫೋನ್ ಇಡಬೇಡಿ. ಶನಿವಾರ ಸಂಜೆ ಮಳೆಯಾದರೆ ಸೋಮವಾರ ಆಫೀಸು ತೆರೆಯುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಗಂಟೆ ಹೋಗಿರುತ್ತವೆ. ಪಂಚನಾಮೆ ಆಗುವ ತನಕ ಹೊಲ ಹರಗಬೇಡಿ.

ಬಿತ್ತನೆಯೇ ಆಗದಿದ್ದರೆ, ಅಂದರೆ ಘಟಕದ ಶೇ 75ಕ್ಕಿಂತ ಹೆಚ್ಚು ಕ್ಷೇತ್ರ ಬಿತ್ತದೆ ಉಳಿದರೆ, ವಿಮಾ ಮೊತ್ತದ ಶೇ 25 ಸಿಗುತ್ತದೆ. ಅಲ್ಲಿಗೆ ಪಾಲಿಸಿ ಮುಗಿಯಿತು. ಹಂಗಾಮಿನ ನಡುವೆ ಮಳೆ ಕೈಕೊಟ್ಟು ಇಳುವರಿ ಖಾತರಿಯ ಅರ್ಧಕ್ಕಿಂತ ಕೆಳಗೆ ಹೋಗುವಂತಿದ್ದರೆ, ಬರಬಹುದಾದ ಪರಿಹಾರದ ಶೇ 25ರವರೆಗೆ ಮುಂಗಡ. ಇದನ್ನು ಕೊನೆಯ ಲೆಕ್ಕದಲ್ಲಿ ಮುರಿದುಕೊಳ್ಳುತ್ತಾರೆ, ಪಾಲಿಸಿ ಮುಗಿಯುವುದಿಲ್ಲ. ಪತ್ರಿಕೆಯಲ್ಲಿ ಎರಡಕ್ಕೂ 'ಶೇ 25 ಪರಿಹಾರ' ಅಂತಲೇ ಬರುವುದರಿಂದ ಜನ ಒಂದನ್ನು ಇನ್ನೊಂದು ಅಂದುಕೊಳ್ಳುತ್ತಾರೆ.

ಎಲ್ಲ ಸರಿಯಿದ್ದೂ ದುಡ್ಡು ಬರದಿದ್ದರೆ ಮೊದಲು ಬೆಳೆ ವಿಮೆಯ ಸಂರಕ್ಷಣೆ ಪೋರ್ಟಲಿನಲ್ಲಿ ಅರ್ಜಿಯ ಸ್ಥಿತಿ ನೋಡಿ, ಆಮೇಲೆ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಅಂತ ನೋಡಿ. ಪಾಸ್‌ಬುಕ್ಕಿನ ಖಾತೆ ಒಂದು, ಆಧಾರ್ ಹೋಗಿ ಕೂತ ಖಾತೆ ಇನ್ನೊಂದು ಇರಬಹುದು. ಉತಾರದಲ್ಲಿ (ಪಹಣಿ) ತೀರಿಕೊಂಡ ತಂದೆಯ ಹೆಸರೇ ಇದ್ದರೆ ವಾರ್ಸಾ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸದೆ ದಾರಿಯಿಲ್ಲ. ಲಾವಣಿ (ಗೇಣಿ) ಹೊಲ ಮಾಡುವವರಿಗೆ ಯೋಜನೆಯಲ್ಲಿ ಅವಕಾಶ ಇದೆ, ಆದರೆ ಕರಾರು ಪತ್ರ ಬೇಕು. ಬಾಯಿಮಾತಿನ ಲಾವಣಿಯೇ ಹೆಚ್ಚಿರುವ ನಮ್ಮಲ್ಲಿ ಕಂತು ಕಟ್ಟುವವರು ಒಬ್ಬರು, ಪರಿಹಾರ ಹೋಗುವುದು ಇನ್ನೊಬ್ಬರಿಗೆ.

ತೂಕದ ಮೇಲೆಯೇ ಅನುಮಾನ ಇದ್ದರೆ ನಮೂನೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹೀಗಾಗಿ ಬೆಳೆ ವಿಮೆಯ ಸಮಗ್ರ ಮಾಹಿತಿ ಕೊಡಿ ಅಂತ ಬರೆಯಬೇಡಿ. 'ಇಂಥ ಪಂಚಾಯಿತಿ, ಇಂಥ ಬೆಳೆ, ಇಂಥ ಹಂಗಾಮು, ನಾಲ್ಕೂ ಕಟಾವು ಪ್ರಯೋಗಗಳ ನಮೂನೆಯ ದೃಢೀಕೃತ ಪ್ರತಿ' ಅಂತ ಬರೆಯಿರಿ. ಆ ಪ್ರತಿ ಕೈಗೆ ಬಂದ ಮೇಲೆ ಜಿಲ್ಲಾ ಕುಂದುಕೊರತೆ ಸಮಿತಿಗೆ ದೂರು ಕೊಡಿ, ಅಲ್ಲಿ ಆಗದಿದ್ದರೆ ರಾಜ್ಯ ಸಮಿತಿಗೆ. ಸೇವೆಯ ಲೋಪ ಅಂತ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಅಲ್ಲಿ ಇಂಥ ಸಣ್ಣ ಮೊತ್ತಕ್ಕೆ ಶುಲ್ಕ ಇಲ್ಲ. ಗಡುವು 2 ವರ್ಷ, ಜೊತೆಗೆ ಕಂತು ಕಟ್ಟಿದ ರಶೀದಿ, ಉತಾರ, ಬೆಳೆ ಸಮೀಕ್ಷೆಯ ಪ್ರತಿ ಇಟ್ಟುಕೊಂಡಿರಬೇಕು.