ವೊವಿಯೊ ಬರೆದಿಡುವ ಕೆಲಸ: ಹದಿನಾಲ್ಕು ತಿಂಗಳ ಬಳಿಕ

ಕಳೆದ ವರ್ಷದ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ, ನಮ್ಮವರಲ್ಲಿ ಮದುವೆಗಳು ನಡೆಯದ ದಿನಗಳಲ್ಲಿ, ಕೈಗೆತ್ತಿಕೊಂಡ ಈ ಕೆಲಸ ಈಗ 73 ನುಡಿಗಳ ತನಕ ಬಂದಿದೆ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮದುವೆಯ ಮುನ್ನಾದಿನ ನಡೆಯುವ ರೋಸ್ ಶಾಸ್ತ್ರದಲ್ಲಿ ಹೇಳುವ ಹಾಡುಗಳಿಗೆ ವೊವಿಯೊ ಎನ್ನುತ್ತಾರೆ. ಒಂದೊಂದು ನುಡಿಯನ್ನೂ ಧ್ವನಿಮುದ್ರಿಸಿಕೊಂಡು, ಕನ್ನಡ ಲಿಪಿಯಲ್ಲಿ ಬರೆದು, ಹಾಡಿದವರ ಊರು ಮತ್ತು ಪದಗಳ ಅರ್ಥಗಳೊಂದಿಗೆ ಒಂದು ದಪ್ಪ ರಿಜಿಸ್ಟರಿನಲ್ಲಿ ಸೇರಿಸುವುದು ನಾನು ಹಾಕಿಕೊಂಡ ಕೆಲಸ. ಹಾಡುಗಾರ್ತಿಯರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರಾದ್ದರಿಂದ ಇದನ್ನು ಮುಂದೂಡಲು ನನಗೆ ಮನಸ್ಸಾಗಲಿಲ್ಲ.

ರೋಸ್ ಎಂದರೆ ತೆಂಗಿನಹಾಲು. ನಮ್ಮ ‘ರಸ’ವೇ ಅದು. ವಧುವಿಗೆ ಅವಳ ಮನೆಯಲ್ಲಿ, ವರನಿಗೆ ಅವನ ಮನೆಯಲ್ಲಿ, ಹಿರಿಯರು ಒಬ್ಬೊಬ್ಬರಾಗಿ ಬಂದು ತೆಂಗಿನೆಣ್ಣೆ ಮತ್ತು ತೆಂಗಿನಹಾಲು ಹಚ್ಚಿ ಹರಸುತ್ತಾರೆ. ಹಾಡು ಶಿಲುಬೆಯ ಗುರುತಿನಿಂದ ಆರಂಭವಾಗುತ್ತದೆ. ಒಬ್ಬರು ನುಡಿ ಎತ್ತಿಕೊಟ್ಟರೆ ಉಳಿದವರು ಅದನ್ನು ಹಿಡಿಯುತ್ತಾರೆ. ಎಣ್ಣೆ ಹಚ್ಚಲು ಬಂದವರ ಹೆಸರನ್ನು ಅಲ್ಲಿಯೇ ನುಡಿಯೊಳಗೆ ಸೇರಿಸಿ ಹಾಡುವುದು ರೂಢಿ. ಹೀಗಾಗಿ ಯಾವ ಎರಡು ಮನೆಗಳ ವೊವಿಯೊ ಕೂಡ ಪೂರ್ತಿಯಾಗಿ ಒಂದೇ ಆಗಿರುವುದಿಲ್ಲ, ಮತ್ತು ‘ಸರಿಯಾದ ಪಾಠ’ ಯಾವುದೆಂದು ಹುಡುಕಲು ಹೊರಟ ನನ್ನ ಮೊದಲ ಎರಡು ತಿಂಗಳ ಶ್ರಮ ಬಹುಮಟ್ಟಿಗೆ ವ್ಯರ್ಥವಾಯಿತು. ಈಗ ಪ್ರತಿ ಪಾಠವನ್ನೂ ಅದರ ಊರಿನ ಹೆಸರಿನಲ್ಲಿ ಹಾಗೆಯೇ ಇಡುತ್ತಿದ್ದೇನೆ.

ಈ ಹಾಡುಗಳ ಬೆನ್ನಿಗಿರುವ ಚರಿತ್ರೆಯನ್ನು ರಿಜಿಸ್ಟರಿನ ಮೊದಲ ಪುಟದಲ್ಲೇ ಬರೆದಿದ್ದೇನೆ, ಏಕೆಂದರೆ ಅದು ಗೊತ್ತಿಲ್ಲದೆ ಇವುಗಳ ಬೆಲೆ ತಿಳಿಯುವುದಿಲ್ಲ. ಗೋವಾದ ಪೋರ್ಚುಗೀಸ್ ಆಡಳಿತ 1684ರಲ್ಲಿ ಜನರು ಮೂರು ವರ್ಷಗಳೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕೆಂದು ಆಜ್ಞೆ ಹೊರಡಿಸಿತು. 1736ರಲ್ಲಿ ಅಲ್ಲಿನ ಇನ್‌ಕ್ವಿಸಿಷನ್ ಎಂಬ ಚರ್ಚಿನ ಧಾರ್ಮಿಕ ನ್ಯಾಯಮಂಡಳಿ ಮದುವೆಯ ಅನೇಕ ಆಚರಣೆಗಳನ್ನು ನಿಷೇಧಿಸಿದಾಗ, ಕೊಂಕಣಿಯಲ್ಲಿ ವೊವಿಯೊ ಹಾಡಬಾರದೆಂಬುದನ್ನೂ ಆ ಪಟ್ಟಿಯಲ್ಲಿ ಹೆಸರು ಹಿಡಿದೇ ಸೇರಿಸಿತು. ಆದರೆ ಬಾರ್ದೇಸ್ ಮತ್ತು ಸಾಷ್ಟಿ ಪ್ರಾಂತಗಳಿಂದ ಹೊರಟು ಕೆನರಾ ಕರಾವಳಿಯಲ್ಲಿ ಬೇಸಾಯಕ್ಕೆ ನಿಂತವರ ಮೇಲೆ ಆ ಆಜ್ಞೆ ನಡೆಯುವಂತಿರಲಿಲ್ಲ. 1784ರಲ್ಲಿ ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟವರಲ್ಲಿ ಬದುಕುಳಿದವರು 1799ರ ನಂತರ ಮರಳಿ ಬಂದರು; ಜಮೀನು, ಮನೆ, ಇಗರ್ಜಿಗಳೆಲ್ಲ ಕೈಬಿಟ್ಟುಹೋಗಿದ್ದ ಆ ಜನರ ಬಳಿ ಹಾಡು ಉಳಿದದ್ದು ಮಾತು ಉಳಿದದ್ದರಿಂದಲೇ ಎಂದು ನಾನು ದೃಢವಾಗಿ ನಂಬುತ್ತೇನೆ. ವೊವಿ ಎಂಬುದು ಹಳೆಯ ಮರಾಠಿ ಓವಿ ಛಂದಸ್ಸಿನ ಮನೆಮಗಳು. ಅದೇ ಛಂದಸ್ಸಿನಲ್ಲಿ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದು 1616ರಲ್ಲಿ ಅಚ್ಚಾದ ಕ್ರಿಸ್ತಪುರಾಣ 1907ರಲ್ಲಿ ಮತ್ತೆ ಮುದ್ರಣ ಕಂಡದ್ದೂ ಮಂಗಳೂರಿನಲ್ಲಿಯೇ.

ಇನ್ನು ಕೆಲಸದ ವಿಚಾರ. ಮೊದಲ ಧ್ವನಿಮುದ್ರಣವನ್ನು ಒಂದು ಸಭಾಂಗಣದಲ್ಲಿ ನಡೆದ ರೋಸ್‌ನಲ್ಲಿ ಮಾಡಲು ಹೋಗಿ ಬರಿಗೈಯಲ್ಲಿ ಬಂದೆ. ಎರಡನೆಯ ನುಡಿ ಮುಗಿಯುವ ಮೊದಲೇ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಾಕಿದರು, ಯುವಕರು ವರನ ತಲೆಗೆ ಮೊಟ್ಟೆ ಒಡೆಯತೊಡಗಿದರು, ಹಾಡುತ್ತಿದ್ದ ಮೂವರು ಅಜ್ಜಿಯರು ಸುಮ್ಮನೆ ಕುರ್ಚಿಗೆ ಮರಳಿದರು. ಆ ಮೂವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ಮುದ್ರಣವನ್ನೆಲ್ಲ ಮನೆಗಳಲ್ಲಿಯೇ ಮಾಡುತ್ತಿದ್ದೇನೆ.

ಮನೆಯಲ್ಲಿಯೂ ಸುಲಭವಾಗಲಿಲ್ಲ. ಮೂಡುಬಿದಿರೆ ಬಳಿ ಇರುವ ನನ್ನ ಮಾವ್ಶಿ, ಅಂದರೆ ಅಮ್ಮನ ತಂಗಿ, ಆ ಊರಿನಲ್ಲಿ ವೊವಿಯೊಗೆ ಹೆಸರಾದವರು. ಮೈಕ್ ಎದುರು ಕುಳಿತಾಗ ಅವರಿಗೆ ಎಂಟು ನುಡಿಗಳಿಗಿಂತ ಹೆಚ್ಚು ನೆನಪಾಗಲಿಲ್ಲ. ಅವೂ ಹಿಂದುಮುಂದಾಗಿ ಬಂದವು. ಮರುದಿನ ಬೆಳಿಗ್ಗೆ ಅವರೇ, “ಬಾಯೆ, ಮೊದಲು ಎರಡು ತೆಂಗಿನಕಾಯಿ ತಾ” ಎಂದರು. ಹೆರೆಮಣೆಯ ಮೇಲೆ ಕುಳಿತು ಕಾಯಿ ಹೆರೆದರು, ಕಲ್ಲಿನಲ್ಲಿ ಕಡೆದರು, ಬಿಳಿ ಬಟ್ಟೆಯಲ್ಲಿ ಕಟ್ಟಿ ಎರಡೂ ಕೈಗಳಿಂದ ಹಿಂಡಿದರು. ಬೆರಳುಗಳ ಸಂದಿಯಿಂದ ದಪ್ಪ ಹಾಲು ಇಳಿಯುತ್ತಿದ್ದಂತೆ ನುಡಿಗಳು ಒಂದರ ಹಿಂದೆ ಒಂದು ಬಂದವು. ಆ ಒಂದೇ ಬೆಳಿಗ್ಗೆ ನನಗೆ 22 ನುಡಿಗಳು ಸಿಕ್ಕಿದವು. ಕಾಯಿ ತರುವುದು, ಒಡೆಯುವುದು, ಹಿಂಡುವುದು, ಬಟ್ಟಲಿಗೆ ಹೊಯ್ಯುವುದು, ಹಚ್ಚುವುದು ಎಂಬ ಕೆಲಸಗಳ ಅನುಕ್ರಮವೇ ಹಾಡಿನ ಅನುಕ್ರಮವೂ ಆಗಿತ್ತೆಂಬುದು ನನಗೆ ಆಗ ತಿಳಿಯಿತು. ಹಿಂದೆ ನಾನು ಕುರ್ಚಿಯಲ್ಲಿ ಕೂರಿಸಿ ಹಾಡಿಸಿದ್ದವರ ಬಳಿಗೆ, ಈ ಸಲ ತೆಂಗಿನಕಾಯಿ ಹಿಡಿದು, ಮತ್ತೊಮ್ಮೆ ಹೋಗಿ ಬಂದೆ.

ಅದೇ ಬೆಳಿಗ್ಗೆ ಸಿಕ್ಕಿದ ಒಂದು ಪದ ‘ಆಪ್ರೊಸ್’. ನೀರು ಬೆರೆಸದೆ ಮೊದಲ ಬಾರಿಗೆ ಹಿಂಡಿದ ಹಾಲು ಆಪ್ರೊಸ್. ಆಮೇಲೆ ಬರುವುದು ಬರಿಯ ರೋಸ್. ಪೊಟ್ಟಣದ ತೆಂಗಿನಹಾಲು ತರುವ ಮನೆಗಳಲ್ಲಿ ಎರಡನ್ನೂ ಬೇರೆ ಮಾಡುವ ಕೆಲಸವೇ ಇಲ್ಲ, ಆದ್ದರಿಂದ ಆ ಪದವನ್ನು ಹಾಡುವ ಮಕ್ಕಳಿಗೆ ಅದು ಬರೀ ಸದ್ದು. ಪದಕೋಶದ ಕಾಲಂನಲ್ಲಿ ‘ಶುದ್ಧ ತೆಂಗಿನಹಾಲು’ ಎಂದು ಬರೆದು ಮುಗಿಸಬಹುದಿತ್ತು. ಆದರೆ ಅದರ ಪಕ್ಕದಲ್ಲಿ ಹಿಂಡುವ ಕೈಗಳ ಒಂದು ನಿಮಿಷದ ವಿಡಿಯೋ ಇಟ್ಟಿದ್ದೇನೆ. ಒಂದೇ ಶಾಸ್ತ್ರದಲ್ಲಿ ಎಷ್ಟು ಊರುಗಳ ಮಾತು ಸೇರಿದೆ ಎಂಬುದೂ ಈ ಕಾಲಂ ತುಂಬಿಸುವಾಗಲೇ ಮನಸ್ಸಿಗೆ ಬಂತು: ಮದುವೆಗೆ ‘ಕಾಜಾರ್’ ಎಂಬುದು ಪೋರ್ಚುಗೀಸಿನದು, ಚಪ್ಪರಕ್ಕೆ ‘ಮಾಟೊವ್’ ಎಂಬುದು ನಮ್ಮ ಮಂಟಪದ ಮೂಲದ್ದು.

ಬರವಣಿಗೆಯಲ್ಲಿ ನಿಧಾನವಾದದ್ದು ಅನುಸ್ವಾರದಿಂದ. ನಮ್ಮ ಕೊಂಕಣಿ ಕನ್ನಡ ಲಿಪಿಗೆ ಹೊಂದಿಕೊಂಡು ಬಹಳ ಕಾಲವಾಗಿದೆ. ಮಾವ್ಶಿಯಂತಹವರು ಓದು ರೂಢಿಸಿಕೊಂಡದ್ದೇ 1938ರಲ್ಲಿ ಆರಂಭವಾದ ರಾಕ್ಣೊ ವಾರಪತ್ರಿಕೆಯಿಂದ. ಆದರೂ ‘ಕಾಂತಾರಾಂ’, ಅಂದರೆ ಹಾಡುಗಳು, ಎಂಬ ಪದದ ಮೊದಲ ಸೊನ್ನೆ ಸ್ಪಷ್ಟವಾದ ನಕಾರ, ಕೊನೆಯದು ಮೂಗಿನಲ್ಲಿ ಹೊರಡುವ ಸ್ವರ. ಮನೆಯಲ್ಲಿ ಕೊಂಕಣಿ ಕೇಳುತ್ತ ಬೆಳೆದವರು ಈ ವ್ಯತ್ಯಾಸವನ್ನು ತಾವಾಗಿಯೇ ಉಚ್ಚರಿಸುತ್ತಾರೆ, ಬೇರೆಯವರಿಗೆ ಗೊತ್ತಾಗುವುದಿಲ್ಲ. ಮೂಗಿನ ಸ್ವರದ ಸೊನ್ನೆಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಬರೆಯುವ ಕ್ರಮ ಇಟ್ಟುಕೊಂಡೆ. ಎ, ಒ ಸ್ವರಗಳ ತೆರೆದ ಮತ್ತು ಮುಚ್ಚಿದ ರೂಪಗಳಿಗೂ ಲಿಪಿಯಲ್ಲಿ ಬೇರೆ ಅಕ್ಷರಗಳಿಲ್ಲ. ಅಲ್ಲಿ ಧ್ವನಿಯನ್ನೇ ನಂಬಬೇಕು.

ಈ ಸೂಕ್ಷ್ಮಗಳ ನಿಜವಾದ ಪರೀಕ್ಷೆ ನಡೆದದ್ದು ಕಳೆದ ತಿಂಗಳು, ಈಸ್ಟರ್ ಮುಗಿದ ಮೇಲೆ. ಮುಂಬೈಯಲ್ಲಿ ಹುಟ್ಟಿ ಬೆಳೆದ ನನ್ನ ಅಣ್ಣನ ಮಗಳು ತನ್ನ ರೋಸ್‌ಗೆ ವೊವಿಯೊ ಬೇಕೇ ಬೇಕೆಂದಳು. ಅವಳಿಗೆ ಕನ್ನಡ ಓದಲು ಬಾರದ ಕಾರಣ 15 ನುಡಿಗಳನ್ನು ರೋಮನ್ ಅಕ್ಷರಗಳಲ್ಲಿ ಬರೆದು ಕಳಿಸಿದೆ. ಅವಳು ಅಭ್ಯಾಸ ಮಾಡಿ ಫೋನಿನಲ್ಲಿ ಹಾಡಿದಾಗ ಎಣ್ಣೆಯ ‘ತೇಲ್’ ಪ್ರತಿ ಸಲವೂ ‘ಟೆಲ್’ ಆಗಿ ಬಂತು. ಮಾವ್ಶಿ ಅದನ್ನು ಕೇಳಿ ಬೇಸರಿಸಲಿಲ್ಲ. ಆ ಒಂದು ಪದವನ್ನು ಹತ್ತು ಸಲ ಹೇಳಿಸಿದರು, ನಾಲಗೆ ಹಲ್ಲಿಗೆ ತಾಗಬೇಕೆಂದು ವಿಡಿಯೋ ಕರೆಯಲ್ಲಿ ಬಾಯಿ ತೆರೆದು ತೋರಿಸಿದರು. ಆಮೇಲೆ ನಾನು ಗೋವಾದ ರೋಮಿ ಬರಹದ ಪದ್ಧತಿಗೆ ಬದಲಾಯಿಸಿದೆ: ‘ಟಿ’ ಅಕ್ಷರ ಒಂದಿದ್ದರೆ ತ, ಎರಡಿದ್ದರೆ ಟ. ಈಗ ಹೊರ ಊರುಗಳಿಗೆ ಕಳಿಸುವ ಹಾಳೆಗಳೆಲ್ಲ ಇದೇ ಕ್ರಮದಲ್ಲಿವೆ, ಪ್ರತಿಯೊಂದರ ಜೊತೆಗೆ ನಿಧಾನವಾಗಿ ಹೇಳಿದ ಧ್ವನಿಯೂ ಇರುತ್ತದೆ.

ರೋಸ್ ನಡೆದದ್ದು ಬೊರಿವಲಿಯ ಫ್ಲ್ಯಾಟ್ ಒಂದರಲ್ಲಿ. ಮಾವ್ಶಿ ರೈಲಿನಲ್ಲಿ ನನ್ನ ಜೊತೆ ಬಂದಿದ್ದರು. ಹಾಳೆಯಲ್ಲಿದ್ದ ನುಡಿಗಳು ಮುಗಿದ ಮೇಲೆ, ಎಣ್ಣೆಯ ಬಟ್ಟಲು ಹಿಡಿದು ಬಂದ ಪಕ್ಕದ ಮನೆಯ ಮರಾಠಿ ಅಜ್ಜಿಯನ್ನು ಕಂಡು, ಮದುಮಗಳ ತಂಗಿ ಇದ್ದಕ್ಕಿದ್ದಂತೆ ಅವರ ಹೆಸರನ್ನು ಸೇರಿಸಿ ಹೊಸದೊಂದು ನುಡಿ ಎತ್ತಿದಳು. ಪ್ರಾಸ ಸ್ವಲ್ಪ ಎಡವಿತು, ಒಂದು ಪದ ಹಿಂದಿಯಿಂದ ಬಂದಿತ್ತು. ಮಾವ್ಶಿ ಅದನ್ನು ಮೊದಲು ಹಿಡಿದರು, ಅವರ ಹಿಂದೆ ಎಲ್ಲರೂ ಹಿಡಿದರು. ರಾತ್ರಿ ಅವರ ಮಾತಿನಂತೆ ರಿಜಿಸ್ಟರ್ ತೆರೆದು ಅದನ್ನು 73ನೆಯ ನುಡಿಯಾಗಿ ಸೇರಿಸಿದೆ. ಊರಿನ ಕಾಲಂನಲ್ಲಿ ಬೊರಿವಲಿ ಎಂದು ಬರೆದೆ.