ಇಲ್ಲೇ ಇದ್ಬಿಡು ಅನ್ನೋ ಮಾತು

ಡಿಸೆಂಬರ್ 28, 2024, ಶನಿವಾರ
ಚಿಕ್ಕಮಗಳೂರು

ಇವತ್ತೂ ಅದೇ ಮಾತು. "ಮಗು ಎಷ್ಟ್ ಚೆನ್ನಾಗಿ ಹೊಂದ್ಕೊಂಡ್ಬಿಟ್ಟಿದೆ ಅಲ್ವ?" ಎದುರುಮನೆ ಆಂಟಿ ಹೇಳಿದ್ರು, ಕೋಟೆಯಿಂದ ಬಂದಿದ್ದ ಚಿಕ್ಕಮ್ಮ ಹೇಳಿದ್ರು, ಸೊಪ್ಪು ಮಾರೋಳೂ ಬಿಡ್ಲಿಲ್ಲ. ಅಮೆರಿಕದಿಂದ ಬಂದಿರೋ ಪುಟ್ಟಿ, ನನ್ ತಂಗಿ ದತ್ತು ತಗೊಂಡ ಮಗಳು, ಇರೋದೇ ಹಾಗೆ. ಬಾ ಅಂದ್ರೆ ಯಾರ ತೊಡೆ ಮೇಲಾದ್ರೂ ಕೂತ್ಕೊಳ್ತಾಳೆ, ಕಾಲಿಗೆ ಬೀಳು ಅಂದ್ರೆ ಬೀಳ್ತಾಳೆ, ಕುಡಿದಿಟ್ಟ ಕಾಫಿ ಲೋಟ ಕೇಳ್ದೇನೇ ಎತ್ಕೊಂಡ್ ಹೋಗಿ ಸಿಂಕಲ್ಲಿ ಹಾಕ್ತಾಳೆ. ಒಂಬತ್ತು ವರ್ಷದ್ ಮಗು! ನನ್ನ ಮಗ ಆ ವಯಸ್ಸಲ್ಲಿ ನೆಂಟ್ರ ಚಪ್ಪಲಿ ಸದ್ದಾದ್ರೆ ಅಟ್ಟ ಹತ್ತಿ ಕೂರ್ತಿದ್ದ.

ತಂಗಿಗೆ ಮಾತ್ರ ಈ ಹೊಗಳಿಕೆ ಕೇಳಿದ್ರೆ ಆಗಲ್ಲ. ಮೊನ್ನೆ ಬಟ್ಟೆ ಒಣಹಾಕ್ತಾ ಅಂದ್ಲು, "ಅಕ್ಕಾ, ಇದು ಹೊಂದ್ಕೊಂಡಿರೋದಲ್ಲ, ಡ್ಯೂಟಿ ಮಾಡ್ತಿರೋದು. ನಮ್ಮನೇಲಿ ಬಂದು ನೋಡು, ಶೂ ಎಸೀತಾಳೆ, ಬಾಗಿಲು ಧಡಾರ್ ಅನ್ನಿಸ್ತಾಳೆ, ಐ ಹೇಟ್ ಯೂ ಅಂತಾಳೆ. ಅದು ನಿಜವಾದ್ ಪುಟ್ಟಿ. ಇಲ್ಲಿ ನಗ್ತಿರೋಳು ಬೇರೆ." ಯೋಚ್ನೆ ಮಾಡಿದ್ರೆ ಸರಿನೇ ಅನ್ಸುತ್ತೆ. ಬೆಳಗ್ಗೆ ಒಬ್ಬರು ಆಯಾ, ರಾತ್ರಿ ಇನ್ನೊಬ್ಬರು, ಆರು ತಿಂಗಳಿಗೆ ಮತ್ಯಾರೋ, ಹಂಗೆ ಬೆಳೆದ ಮಗು, ಎದುರಿಗೆ ಬಂದ ದೊಡ್ಡೋರನ್ನೆಲ್ಲ ಖುಷಿ ಪಡಿಸಿದ್ರೆ ಬಚಾವ್ ಅಂತ ಕಲಿತಿರುತ್ತೆ. ಹೊಸದಾಗಿ ಬಂದ ಸೊಸೆ ಮೊದಲ ತಿಂಗಳು ಇರ್ತಾಳಲ್ಲ, ಎಲ್ಲಾದಕ್ಕೂ ಹೂಂ ಹೂಂ ಅಂತ, ಹಂಗೆ. ನಮ್ಮನೇಲಿ ಅದನ್ನೇ ಸಂಸ್ಕಾರ ಅಂತ ಕರೀತಾರೆ.

ಹಳೇ ಓದುಗರಿಗೆ ಗೊತ್ತು, ಹೊಸಬರಿಗೋಸ್ಕರ ಸ್ವಲ್ಪ. ಪುಟ್ಟಿ ಜಾರ್ಖಂಡಿನ ಮಗು. ಹೆಸರು ಹಾಕಬೇಡ, ಅವಳ ಹಿಂದಿನ ಕತೆನೂ ಬರೀಬೇಡ, ಅದು ಅವಳದ್ದು, ಬೇಕಾದ್ರೆ ದೊಡ್ಡೋಳಾದ್ಮೇಲೆ ಅವಳೇ ಹೇಳ್ಕೊಳ್ತಾಳೆ ಅಂತ ತಂಗಿ ಆರ್ಡರ್ರು. ಹೋದ್ ವರ್ಷ, ಅಂದ್ರೆ 2023ರ ಬೇಸಿಗೇಲಿ ಅಮೆರಿಕಕ್ಕೆ ಕರ್ಕೊಂಡು ಹೋಗಿದ್ರು. ತಂಗಿ, ಅವಳ ಗಂಡ ಇಬ್ರೂ ಅಲ್ಲಿನ ಸಿಟಿಜನ್ನು, ಹಾಗಾಗಿ ಅಂತರದೇಶೀಯ ದತ್ತು, ಕಾರಾ (ದತ್ತು ವಿಷಯ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) ಮೂಲಕ. ಇಲ್ಲಿ ದತ್ತಿಗೆ ಅರ್ಜಿ ಹಾಕೋರಿಗೆಲ್ಲ ಎಳೇ ಕೂಸೇ ಬೇಕು. 2015ರ ಬಾಲನ್ಯಾಯ ಕಾಯ್ದೇಲೇ ಬರೆದಿದೆ, ದತ್ತಿಗೆ ಅರ್ಹ ಅಂತ ಘೋಷಣೆ ಆಗಿ 60 ದಿನದೊಳಗೆ ದೇಶದ ಒಳಗಿನವರೋ ಎನ್ಆರ್‌ಐಗಳೋ ಸಿಗದಿದ್ರೆ ಆ ಮಗುನ ಹೊರದೇಶದವರಿಗೆ ಕೊಡಬಹುದು, ಅದರಲ್ಲೂ ಐದು ವರ್ಷ ದಾಟಿದ ಮಕ್ಕಳು, ಒಡಹುಟ್ಟಿದವರು, ಅಂಗವೈಕಲ್ಯ ಇರೋ ಮಕ್ಕಳಿಗೆ ಆದ್ಯತೆ ಕೊಡಬಹುದು ಅಂತ. ಅಂದ್ರೆ ಯಾರೂ ಕೇಳದ ಮಕ್ಕಳು. (ಚಿಕ್ಕಮ್ಮ ಇವತ್ತು ಮೆಲ್ಲಗೆ ಕೇಳಿದ್ದು: "ತೋಟದಲ್ಲಿ ಪಾಲು ಬರುತ್ತಾ ಇವಳಿಗೆ?" ಬರುತ್ತೆ ಚಿಕ್ಕಮ್ಮ, ದತ್ತು ಆದೇಶ ಆದ ದಿನದಿಂದ ಹೊಟ್ಟೇಲಿ ಹುಟ್ಟಿದ ಮಗು ಹೇಗೋ ಹಾಗೆ, ತಂಗಿ ಪಾಲಿಗೆ ಇವಳೂ ವಾರಸುದಾರಳು. ಮುಖ ನೋಡ್ಬೇಕಿತ್ತು.)

ಇರುವೆ ವಿಷಯ ಹೇಳ್ಲೇ ಇಲ್ಲ. ಬುಧವಾರ ಅಮ್ಮ ಹಾಸಿಗೆ ಕೊಡವೋಕೆ ಹೋದ್ರೆ ಕೆಂಪಿರುವೆ ಸಾಲು, ದಿಂಬಿನ ಕವರೊಳಗೆ ಎರಡು ಅಕ್ಕಿರೊಟ್ಟಿ, ಮಡಚಿ ಮಡಚಿ ಇಟ್ಟಿದ್ದು, ಒಣಗಿ ಹಪ್ಪಳ ಆಗಿತ್ತು. ಅಮ್ಮನಿಗೆ ಬೇಜಾರು, "ನಾನು ಬೇಡ ಅಂದ್ನಾ? ಹೊಟ್ಟೆ ತುಂಬ ಬಡಿಸ್ತೀನಲ್ಲ" ಅಂತ. ತಂಗಿ ಬೈಲೂ ಇಲ್ಲ, ಬುದ್ಧಿನೂ ಹೇಳ್ಲಿಲ್ಲ. ಮಾರ್ಕೆಟ್ ರೋಡಿಗೆ ಹೋಗಿ ಮುಚ್ಚಳ ಗಟ್ಟಿ ಇರೋ ಸ್ಟೀಲ್ ಡಬ್ಬಿ ತಂದು, ಬಿಸ್ಕೆಟ್ಟು, ಕಡಲೆಮಿಠಾಯಿ, ಚಕ್ಕುಲಿ ತುಂಬಿ ಅವಳ ಮಂಚದ ಪಕ್ಕ ಇಟ್ಲು. ಇದು ನಿಂದು, ರಾತ್ರಿ ಎಷ್ಟ್ ಹೊತ್ತಿಗಾದ್ರೂ ತಿನ್ನು, ಖಾಲಿ ಆದ್ರೆ ತುಂಬ್ತೀನಿ, ಅಷ್ಟೆ. ಅಲ್ಲೂ ಒಂದು ಡಬ್ಬಿ ಇದೆಯಂತೆ, ಮೊದ್ಲು ದಿನಾ ಖಾಲಿ ಆಗ್ತಿತ್ತಂತೆ, ಆಮೇಲಾಮೇಲೆ ಮುಟ್ಟೋದೇ ನಿಲ್ಲಿಸಿದ್ಲಂತೆ. ಇಲ್ಲಿಗೆ ಬಂದ ಕೂಡ್ಲೇ ಮತ್ತೆ ಶುರು. ಯಾಕೆ ಮತ್ತೆ ಶುರು ಅಂತ ನಾನು ಕೇಳಿದ್ದೆ. ಅದಕ್ಕೆ ಉತ್ತರ ಇವತ್ತು ಸಿಕ್ತು.

ಮಧ್ಯಾಹ್ನ ಎಲ್ಲಾ ಆಲ್ದೂರು ಕಡೆ ಅಣ್ಣನ ತೋಟಕ್ಕೆ ಹೋಗಿದ್ವಿ. ಅರೇಬಿಕಾ ಕೊಯ್ಲು ಜೋರು, ಕಣದಲ್ಲಿ ಕಾಲಿಡೋಕೆ ಜಾಗ ಇಲ್ಲ. ಈಗ ನಮ್ ಕಡೆ ಹಣ್ಣು ಕುಯ್ಯೋಕೆ ಅಸ್ಸಾಮಿನವರೇ ಜಾಸ್ತಿ, ಲೈನ್ ಮನೆ ತುಂಬ ಅವರೇ. ಸಂಜೆ ರೈಟರು (ತೋಟದ ಲೆಕ್ಕ ಬರೆಯೋರು) ಚೀಲ ತೂಕ ಹಾಕ್ತಿದ್ರು, ಪುಟ್ಟಿ ತಕ್ಕಡಿ ಹತ್ರ ನಿಂತು ಮುಳ್ಳು ನೋಡ್ತಿದ್ಲು. ಒಬ್ಳು ಅಸ್ಸಾಮಿ ಹೆಂಗಸು, ಸೊಂಟಕ್ಕೆ ಕಟ್ಟಿದ್ದ ಚೀಲ ಬಿಚ್ತಾ, ಪಾಪ ಪ್ರೀತಿಯಿಂದಾನೇ ಇವಳ ಗಲ್ಲ ಮುಟ್ಟಿ "ಕಿತ್ನೀ ಪ್ಯಾರೀ ಹೈ, ಹಮಾರೇ ಸಾಥ್ ಚಲೋಗೀ?" ಅಂದ್ಲು. ನಾವೆಲ್ಲ ಯಾವ ಮಗು ಕಂಡ್ರೂ ಕೇಳೋ ಮಾತೇ ಅಲ್ವ, ನಮ್ಮನೆಗೆ ಬರ್ತೀಯಾ ಅಂತ. ಪುಟ್ಟಿ ಒಂದ್ ಗಳಿಗೆ ಹಂಗೇ ನಿಂತ್ಲು. ಒಂದ್ ಸಲ ತಿರುಗಿ ತಂಗಿ ಕಡೆ ನೋಡಿದ್ಲು. ತಂಗಿ ಆ ಕಡೆ ಅಣ್ಣನ ಜೊತೆ ಮಾತಾಡ್ತಿದ್ಲು. ಇವಳು ಚಪ್ಪಲಿ ಸರಿ ಮಾಡ್ಕೊಂಡು, ಹೋಗಿ ಆ ಹೆಂಗಸಿನ ಕೈ ಹಿಡ್ಕೊಂಡು ಲೈನ್ ಮನೆ ಕಡೆ ನಡೆಯೋಕೇ ಶುರು ಮಾಡಿದ್ಲು.

ಅಳು ಇಲ್ಲ, ಹಠ ಇಲ್ಲ. ಮುಖದಲ್ಲಿ ಅದೇ ನೆಂಟರ ಮುಂದಿನ ನಗು.

ಅತ್ತಿಗೆ "ಅಯ್ಯೋ ನೋಡ್ರೇ ಹೊರಟೇಬಿಟ್ಲು!" ಅಂತ ಚಪ್ಪಾಳೆ ತಟ್ಟಿ ನಕ್ರು, ರೈಟರೂ ನಕ್ರು. ಆ ಹೆಂಗಸಿಗೇ ಮೊದ್ಲು ಏನೋ ಸರಿ ಇಲ್ಲ ಅನ್ಸಿದ್ದು, ನಿಂತು ಕೈ ಬಿಡಿಸ್ಕೊಂಡ್ಳು. ಅಷ್ಟರಲ್ಲಿ ತಂಗಿ ಕಣದ ಮೇಲೇ ಹಣ್ಣು ತುಳ್ಕೊಂಡು ಓಡಿದ್ಲು. ಮಂಡಿ ಊರಿ ಅವಳ ಎರಡೂ ಭುಜ ಹಿಡ್ಕೊಂಡು ಏನೋ ಹೇಳಿದ್ಲು, ನಮಗೆ ಕೇಳಿಸ್ಲಿಲ್ಲ. ಅಣ್ಣ ಹಣ್ಣು ಹಾಳಾಯ್ತು ಅಂತ ಗೊಣಗಿದ.

ಬರೋವಾಗ ಕಾರಲ್ಲಿ ಯಾರೂ ಮಾತಾಡ್ಲಿಲ್ಲ. ವೀಕೆಂಡು ಬೇರೆ, ಗಿರಿಯಿಂದ ಇಳಿಯೋ ಬೆಂಗಳೂರು ಗಾಡಿಗಳೆಲ್ಲ ಊರೊಳಗೆ ಸಿಕ್ಕಾಕ್ಕೊಂಡು ಐಜಿ ರೋಡಲ್ಲಿ ಅರ್ಧ ಗಂಟೆ. ಇವರಿಗೆಲ್ಲ ಬೇರೆ ಬೆಟ್ಟ ಸಿಗಲ್ವಾ ಅಂತ.

ರಾತ್ರಿ ಊಟ ಆದ್ಮೇಲೆ ನಾನು ಜಗುಲೀಲಿ ಅವರೆಕಾಯಿ ಬಿಡಿಸ್ತಾ ಕೂತಿದ್ದೆ. ಪುಟ್ಟಿ ಬಂದು ಪಕ್ಕ ಕೂತ್ಲು, ಕೇಳ್ದೇನೇ ಸುಲಿಯೋಕೆ ಶುರು. ಕನ್ನಡ ಬೇಕು, ಬೇಡ, ಸಾಕು, ದೊಡ್ಡಮ್ಮ ಇಷ್ಟೇ ಬರೋದು, ಮಿಕ್ಕಿದ್ದು ಇಂಗ್ಲಿಷು. ಹೋದ್ ವರ್ಷ ಹಿಂದಿ ಬಿಟ್ರೆ ಬೇರೇನೂ ಬರ್ತಿರ್ಲಿಲ್ಲ, ಈಗ ಹಿಂದೀಲಿ ಕೇಳಿದ್ರೂ ಇಂಗ್ಲಿಷಲ್ಲೇ ಉತ್ತರ. ನಾನಿಲ್ಲಿ ಕನ್ನಡದಲ್ಲೇ ಬರೀತೀನಿ.

"ದೊಡ್ಡಮ್ಮ, ನಂಗೂ ವಾಪಸ್ ಟಿಕೆಟ್ ಇದ್ಯಾ?"

ಇದೆ ಅಂದೆ.

"ನೀವು ನೋಡಿದೀರಾ?"

ನೋಡಿದೀನಿ, ಏರ್‌ಪೋರ್ಟಿಗೆ ಟ್ಯಾಕ್ಸಿ ಹೇಳೋಕೆ ಅಂತ ನಿಮ್ಮಮ್ಮ ಕಳಿಸಿದ್ದಾಳೆ ಅಂದೆ. ತೋರ್ಸಿ ಅಂದ್ಲು. ಕೈ ಒರೆಸ್ಕೊಂಡು ವಾಟ್ಸಾಪ್ ತೆಗ್ದೆ. ಮೂರು ಹೆಸರು, ಮೂರನೇದು ಅವಳದ್ದು, ಜೊತೆಗೆ ಅವರಪ್ಪನ ಮನೆ ಹೆಸರು. ಬೆರಳಲ್ಲಿ ದೊಡ್ಡದು ಮಾಡಿ ಒಂದೊಂದೇ ಅಕ್ಷರ ಓದಿದ್ಲು. ತಾರೀಖು ಓದಿದ್ಲು. ಮೂರೂ ಸೀಟ್ ಪಕ್ಕಪಕ್ಕ ಇದ್ಯಾ ಅಂತ ನೋಡಿದ್ಲು.

"ಹೋದ್ ಸಲ ಇಂಡಿಯಾದಿಂದ ಹೋಗುವಾಗ ನಂಗೆ ಒಂದ್ ಕಡೆ ಟಿಕೆಟ್ ಮಾತ್ರ ಇತ್ತು," ಅಂದ್ಲು. ಆಮೇಲೆ, "ಇದನ್ನ ಕ್ಯಾನ್ಸಲ್ ಮಾಡಬಹುದಾ?"

ಏನ್ ಹೇಳೋದು? ಅಂಥದ್ದೆಲ್ಲ ಆಗಲ್ಲ ಪುಟ್ಟಾ ಅಂತ ಸಮಾಧಾನ ಮಾಡ್ಬೇಕಿತ್ತೋ ಏನೋ, ಆದ್ರೆ ಅವಳು ಕೇಳ್ತಿದ್ದ ರೀತಿ ಬ್ಯಾಂಕಲ್ಲಿ ಮ್ಯಾನೇಜರ್ ಕೇಳಿದ ಹಂಗಿತ್ತು, ಅದಕ್ಕೆ ನಾನೂ ಹಂಗೇ ಹೇಳ್ದೆ. ಮಾಡಬಹುದು, ಆದ್ರೆ ದುಡ್ಡು ಪೂರ್ತಿ ವಾಪಸ್ ಬರಲ್ಲ, ತುಂಬಾ ಹೋಗುತ್ತೆ.

"ತುಂಬಾ ಅಂದ್ರೆ?"

ತುಂಬಾನೇ.

ಸ್ವಲ್ಪ ಹೊತ್ತು ಯೋಚ್ನೆ ಮಾಡಿ, "ಹಾಗಾದ್ರೆ ಡ್ಯಾಡಿ ಮಾಡಲ್ಲ" ಅಂದ್ಲು.

ನಂಗೆ ನಗು ತಡೀಲಿಲ್ಲ. ಅವಳೂ ನಕ್ಲು, ಈ ಸಲ ಹಲ್ಲು ಕಾಣೋ ಹಂಗೆ, ಮೇಲಿನ ಸಾಲಲ್ಲಿ ಒಂದು ಹಲ್ಲು ಅರ್ಧ ಬಂದಿದೆ. ಆಮೇಲೆ ಪೆನ್ ಕೇಳಿ, ಅಮ್ಮನ ಹಳೇ ಕ್ಯಾಲೆಂಡರಿನ ಹಾಳೆ ಹಿಂದೆ ಪಿಎನ್ಆರ್ ನಂಬರು, ತಾರೀಖು, ಮೂರು ಸೀಟ್ ನಂಬರು ಬರ್ಕೊಂಡು, ಮಡಚಿ ತನ್ನ ಡಬ್ಬೀಲಿ ಚಕ್ಕುಲಿ ಕೆಳಗೆ ಇಟ್ಟು ಬಂದ್ಲು. ಮತ್ತೆ ಕೂತು ಅವರೆಕಾಯಿ. ಹುಳ ಬಂದ್ರೆ ಮಾತ್ರ ನನ್ ಕಡೆ ತಳ್ತಾಳೆ.

ತಂಗಿಗೆ ಇದನ್ನೆಲ್ಲ ಹೇಳ್ದೆ. ಡ್ಯಾಡಿ ಮಾತಿಗೆ ಅವಳೂ ಹೊಟ್ಟೆ ಹಿಡ್ಕೊಂಡು ನಕ್ಲು (ಅವಳ ಗಂಡ ಅಷ್ಟೇನೂ ಜುಗ್ಗ ಅಲ್ಲ, ಸ್ವಲ್ಪ). ನಾವೆಲ್ಲ ಮಗು ತನ್ನ ದೇಶಕ್ಕೆ ಬಂದಿದೆ, ಖುಷಿಯಾಗಿರುತ್ತೆ ಅನ್ಕೊಂಡಿದೀವಿ, ಪುಟ್ಟಿ ಲೆಕ್ಕದಲ್ಲಿ ಇಂಡಿಯಾ ಅಂದ್ರೆ ತನ್ನನ್ನ ಎಲ್ಲಿಂದ ಎತ್ಕೊಂಡ್ರೋ ಆ ಜಾಗ, ವಾಪಸ್ ಬಿಡೋದಿದ್ರೆ ಇಲ್ಲೇ ಬಿಡ್ಬೇಕು. ಬಂದಾಗಿಂದ ಅವಳ ಬ್ಯಾಗ್ ಬಿಚ್ಚೇ ಇಲ್ಲ, ದಿನಾ ಬಟ್ಟೆ ತೆಗೆದು ಹಾಕ್ಕೊಂಡು ಮತ್ತೆ ಜಿಪ್ ಹಾಕಿಡ್ತಾಳೆ, ನಾನು ಶಿಸ್ತು ಅನ್ಕೊಂಡಿದ್ದೆ. ಅಲ್ಲೂ ಸೋಶಿಯಲ್ ವರ್ಕರ್ ಮನೆಗೆ ಬಂದಾಗೆಲ್ಲ ಬ್ಯಾಗ್ ರೆಡಿಯಂತೆ. ಮೊದಲ ವರ್ಷ ಮೂರು ತಿಂಗಳಿಗೊಂದು, ಎರಡನೇ ವರ್ಷ ಆರು ತಿಂಗಳಿಗೊಂದು ರಿಪೋರ್ಟು ಕಾರಾಕ್ಕೆ ಹೋಗ್ಬೇಕು, ಮಗು ಹೇಗಿದೆ ಅಂತ ನೋಡೋಕೆ ಆಕೆ ಬರೋದು. ಮಗುಗೆ ಅದು ಹೆಂಗ್ ಗೊತ್ತಾಗ್ಬೇಕು, ಫೈಲ್ ಹಿಡ್ಕೊಂಡು ಬರೋ ಹೆಂಗಸ್ರು ಅಂದ್ರೆ ಇನ್ನೊಂದ್ ಕಡೆಗೆ ಕರ್ಕೊಂಡು ಹೋಗೋರು ಅಂತ್ಲೇ ಅವಳು ಕಲಿತಿರೋದು.

"ಮೊದ್ಲಾಗಿದ್ರೆ ಕೇಳ್ತಾನೇ ಇರ್ಲಿಲ್ಲ ಅಕ್ಕ, ಸುಮ್ನೆ ಬ್ಯಾಗ್ ಕಟ್ತಿದ್ಲು," ಅಂದ್ಲು ತಂಗಿ. "ಈಗ ಟಿಕೆಟ್ ತೋರ್ಸಿ ಅಂತ ಕೇಳೋಷ್ಟು ಆಗಿದಾಳೆ." ಅಷ್ಟಕ್ಕೇ ಅವಳಿಗೆ ಸಮಾಧಾನ. ನಂಗೆ ಮಾತ್ರ ಆ ಕೈ ಹಿಡ್ಕೊಂಡು ಹೋಗಿದ್ದು ಕಣ್ಣಿಂದ ಹೋಗ್ತಿಲ್ಲ. ಚಪ್ಪಲಿ ಸರಿ ಮಾಡ್ಕೊಂಡ್ಳಲ್ಲ.

ಅಮ್ಮನಿಗೆ ಹೇಳೋದೇ ಕಷ್ಟ. ಬಂದ ದಿನದಿಂದ "ನೀನಿಲ್ಲೇ ಇದ್ಬಿಡು, ಅಮ್ಮ ಅಪ್ಪ ಹೋಗ್ಲಿ, ನಾವೇ ಸಾಕ್ಕೊಳ್ತೀವಿ" ಅಂತ ದಿನಾ ಅಂತಾರೆ, ಅದನ್ನೇ ಅಣ್ಣನ ಮಗಳು ಇಂಗ್ಲಿಷಿಗೆ ಬೇರೆ ಮಾಡಿ ಹೇಳ್ತಾಳೆ, ಯಾಕಂದ್ರೆ ಪುಟ್ಟಿ ನಗ್ತಾಳೆ, ಎಲ್ಲರಿಗೂ ಖುಷಿ. ಇವತ್ತು ನಾನು ಇನ್ನು ಆ ಮಾತು ಬೇಡ ಅಂದೆ. "ಎಂತ ಮಾರಾಯ್ತಿ, ನಾನೇನ್ ಕೆಟ್ಟ ಮಾತಾಡಿದ್ನಾ? ನಿನ್ ಮಗನಿಗೂ ಅಂದಿಲ್ವಾ?" ಅಂದ್ರು. ಅವನಿಗೆ ಅಂದಾಗ ಅವನು ಅಮ್ಮ ಬೇಕೂ ಅಂತ ಊರೇ ಒಂದ್ ಮಾಡ್ತಿದ್ದ ಅಮ್ಮ, ಇವಳು ಅಳಲ್ಲ, ಸರಿ ಅಂತಾಳೆ. ಅಮ್ಮ ಸುಮ್ನಾದ್ರು. ಒಪ್ಕೊಂಡ್ರಾ ಕೋಪ ಬಂತಾ ಗೊತ್ತಾಗ್ಲಿಲ್ಲ, ಪಾತ್ರೆ ಸದ್ದಂತೂ ಜೋರಾಗೇ ಇತ್ತು.

ಇನ್ನೊಂದು ತಲೆನೋವು ಬರೋ ಬುಧವಾರದ್ದು. ಪುಟ್ಟಿ ಕಾಗದದಲ್ಲಿ ಹುಟ್ಟಿದ ದಿನ ಜನವರಿ ಒಂದು ಅಂತಿದೆ, ನಿಜವಾದ್ದು ಯಾರಿಗೂ ಗೊತ್ತಿಲ್ಲ, ಇರ್ಲಿ, ಅದನ್ನೇ ಮಾಡ್ತಾರೆ. ತಂಗಿಗೆ ಮನೆಯವರಷ್ಟೇ ಸಾಕು. ಅಮ್ಮ ಆಗ್ಲೇ ಐವತ್ತು ಜನಕ್ಕೆ ಹೇಳಿ ಆಗಿದೆ, ಕೇಕ್ ಮೂರು ಕೆಜಿ, ಅಡುಗೆ ಭಟ್ರಿಗೆ ಅಡ್ವಾನ್ಸೂ ಕೊಟ್ಟಿದಾರಂತೆ. ಐವತ್ತು ಜನ, ಒಬ್ಬೊಬ್ಬರೂ ಗಲ್ಲ ಮುಟ್ಟಿ ಅದೇ ಮಾತು ಅಂತಾರೆ. ನಾಳೆ ಬೆಳಗ್ಗೆ ಫೋನ್ ಹಿಡ್ಕೊಂಡು ಕೂರ್ಬೇಕು, ಮೊದ್ಲು ಕೋಟೆ ಚಿಕ್ಕಮ್ಮನಿಗೆ, ಅವರಿಗೆ ಬರಬೇಡಿ ಅಂದ್ರೆ ತೋಟದ ಪಾಲಿನ ವಿಷಯಕ್ಕೆ ಹೀಗ್ ಮಾಡ್ತಿದೀವಿ ಅನ್ಕೋತಾರೆ, ಬನ್ನಿ ಅಂದ್ರೆ ಮತ್ತೆ ಅದೇ ಮಾತು.